ಕಾರ್ ಶೆಡ್ಡಿಗೂ ಅಲಾರಂ: ಸಿಡಿಲಿನ ಊರಲ್ಲಿ ನಾನು ಮಾಡಿದ್ದು

ನಮ್ಮ ಮನೆಯಿಂದ ಕಾರ್ ಶೆಡ್ಡಿಗೆ ಸುಮಾರು 55 ಮೀಟರ್. ನಡುವೆ ಅಂಗಳ, ಅದರಾಚೆ ಒಂದು ಸಾಲು ಅಡಿಕೆ ಮರ, ಆಮೇಲೆ ಶೆಡ್ಡು. ಹೆಸರಿಗೆ ಮಾತ್ರ ಕಾರ್ ಶೆಡ್. ಒಳಗೆ ಹಳೇ ಜೀಪು, ಮದ್ದು ಬಿಡುವ ಪಂಪು, ಹುಲ್ಲು ಕತ್ತರಿಸುವ ಮೆಷಿನ್. ಹಿಂದಿನ ಕೋಣೆಯಲ್ಲಿ ಸುಲಿದ ಅಡಿಕೆಯ ಗೋಣಿಗಳು. ಈ ಒಣ ಅಡಿಕೆ, ಅಂದರೆ ಚಾಲಿ, ಕಿಲೋಗೆ 400 ರೂಪಾಯಿ ದಾಟಿದ ಮೇಲೆ ಒಂದೊಂದು ಗೋಣಿಯೂ 25 ಸಾವಿರಕ್ಕೆ ಮೇಲೆ. ಅಲಾರಂ ಇದ್ದದ್ದು ಮನೆಗೆ, ಕದಿಯುವಂಥ ಸಾಮಾನು ಇದ್ದದ್ದು ಶೆಡ್ಡಲ್ಲಿ. ಎಂಥ ಲೆಕ್ಕ ಅಲ್ವಾ?

ಮನೆಯ ಅಲಾರಂ ಪ್ಯಾನೆಲ್ಲಿನಲ್ಲಿ ಎರಡು ಝೋನ್, ಅಂದರೆ ಸೆನ್ಸರಿನ ತಂತಿ ಸಿಕ್ಕಿಸುವ ಜಾಗ, ಖಾಲಿ ಇತ್ತು. ತಂತಿ ಎಳೆದು ಶೆಡ್ಡನ್ನೂ ಸೇರಿಸುತ್ತೇನೆ ಅಂದೆ. ಕಾಸರಗೋಡಿನ ಪೆರ್ಲದ ನಮ್ಮ ವಯರಿಂಗಿನವ ತಲೆ ಅಲ್ಲಾಡಿಸಿ "ಅದು ನಡಕ್ಕೂಲ" (ನಡೆಯುವುದಿಲ್ಲ) ಅಂದ. ಸಿಡಿಲು ಬಿಡುವುದಿಲ್ಲ ಅಂತ ಅವನ ವಾದ. ಭಾವ ಇನ್ನೂ ಮುಂದೆ ಹೋದ. "ವಯರ್‌ಲೆಸ್ ಹಾಕಿ ಸುಮ್ನೆ ಕೂತ್ಕೋ ಮಾರಾಯ, ಈಗ ಯಾರು ತಂತಿ ಎಳೀತಾರೆ?" ಮಂಗಳೂರಿನ ಒಂದು ಕಂಪೆನಿಯವರು ಬಂದು ನೋಡಿ ಹೊಸ ಪ್ಯಾನೆಲ್ ಸಮೇತ 28 ಸಾವಿರ ಅಂದರು. ನನಗೆ ಕೊನೆಗೆ ಖರ್ಚಾದದ್ದು ಆರೂವರೆ ಸಾವಿರದ ಹತ್ತಿರ. ಅದರಲ್ಲಿ ಅರ್ಧಕ್ಕರ್ಧ ಗುಂಡಿ ತೋಡಿದ ಕೂಲಿ. ಮೊದಲು ಹಾಳಾದ ದುಡ್ಡು ಇದಕ್ಕೆ ಸೇರಿಲ್ಲ, ಅದನ್ನು ಬೇರೆಯೇ ಹೇಳುತ್ತೇನೆ.

ಭಾವನ ಮಾತು ಕೇಳಿ ಮೊದಲು ವಯರ್‌ಲೆಸ್ಸೇ ಹಾಕಿದೆ. 433 ಮೆಗಾಹರ್ಟ್ಸಿನ ಸೆನ್ಸರ್, ಡಬ್ಬಿಯ ಮೇಲೆ 100 ಮೀಟರ್ ಅಂತ ಬರೆದಿತ್ತು. ಬಯಲಲ್ಲಿ ಅದು ನಿಜವೇ ಇರಬಹುದು. ಇಲ್ಲಿ ಮುರಕಲ್ಲಿನ ದಪ್ಪ ಗೋಡೆ, ಮೇಲೆ ಜಿಂಕ್ ಶೀಟು, ಮುಂದೆ ಕಬ್ಬಿಣದ ಶಟರ್, ಒಳಗೆ ಜೀಪು. ಸೆನ್ಸರನ್ನು ಶಟರಿನ ಪಟ್ಟಿಗೆ ಕೂರಿಸಿದರೆ ಹತ್ತು ಸಲಕ್ಕೆ ಆರು ಸಲ ಸಿಗ್ನಲ್ ಬರುತ್ತಿತ್ತು. ಮರದ ತುಂಡು ಕೊಟ್ಟು ಕಬ್ಬಿಣದಿಂದ ಎರಡು ಇಂಚು ದೂರ ಇಟ್ಟ ಮೇಲೆ ಎಂಟೊಂಬತ್ತು ಸಲ. ಕಳ್ಳ ಆ ಉಳಿದ ಒಂದು ಸಲ ಬಂದರೆ? ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದು. ಅಗ್ಗದ ಸೆನ್ಸರ್ ಒಂದೇ ಕಡೆಗೆ ಮಾತಾಡುತ್ತದೆ. ಅದರ ಸೆಲ್ ಮುಗಿದರೂ, ಯಾರಾದರೂ ಕಿತ್ತು ತೋಟಕ್ಕೆ ಎಸೆದರೂ ಪ್ಯಾನೆಲ್ಲಿಗೆ ಗೊತ್ತಾಗುವುದಿಲ್ಲ. ಎಲ್ಲ ಸರಿ ಇದೆ ಅಂತ ಹಸಿರು ದೀಪ ಉರಿಸಿಕೊಂಡು ಕೂತಿರುತ್ತದೆ. ಸುಮಾರು 1800 ರೂಪಾಯಿ ಅಲ್ಲಿಗೆ ಹೋಯಿತು.

ಆಮೇಲೆ ನೇರ ತಂತಿ. ಈ ಕೆಲಸ ಮಾತ್ರ ಬೇರೆಯವರ ಕೈಯಲ್ಲಿ ಮಾಡಿಸಿದ್ದು. ಅವರು ಮರದಿಂದ ಮರಕ್ಕೆ ಕೇಬಲ್ ಎಳೆದರು. ಮೊದಲ ಗಾಳಿಗೇ ಒಂದು ಸೋಗೆ ಬಿದ್ದು ತುಂಡಾಯಿತು. ಜೋಡಿಸಿದರು. ಝೋನಿನ ರೆಸಿಸ್ಟರನ್ನು (ತಂತಿ ಸರಿ ಇದೆಯೇ ಅಂತ ಪ್ಯಾನೆಲ್ ನೋಡುವುದು ಇದರಿಂದಲೇ) ಶೆಡ್ಡಿನ ಕೊನೆಯಲ್ಲಿ ಹಾಕುವ ಬದಲು ಸುಲಭ ಅಂತ ಪ್ಯಾನೆಲ್ಲಿನ ಒಳಗೇ ಸಿಕ್ಕಿಸಿ ಹೋಗಿದ್ದರು. ಹಾಗೆ ಮಾಡಿದರೆ ದಾರಿಯಲ್ಲಿ ಎರಡು ತಂತಿ ಸುಲಿದು ಸೇರಿಸಿದವನು ಶಟರ್ ಎತ್ತಿ ಆರಾಮವಾಗಿ ಜೀಪು ತೆಗೆದುಕೊಂಡು ಹೋಗಬಹುದು. ನೀವು ಯಾರ ಕೈಯಲ್ಲಾದರೂ ಮಾಡಿಸಿದ್ದರೆ ಒಮ್ಮೆ ಡಬ್ಬಿ ಬಿಚ್ಚಿ ನೋಡಿ. ಹತ್ತರಲ್ಲಿ ಐದು ಕಡೆ ಹೀಗೇ ಇರುತ್ತದೆ ಅಂತ ನನ್ನ ಅಂದಾಜು.

ಮೇ ಕೊನೆಗೆ ಬರುವ ಪತ್ತನಾಜೆಯ ಆಸುಪಾಸಿನಲ್ಲಿ ಒಂದು ಸಂಜೆ ತೋಟದ ಕೆಳಗಿನ ತೆಂಗಿಗೆ ಸಿಡಿಲು ಬಡಿಯಿತು. ನಮ್ಮ ಮನೆಗೆ ಏನೂ ಆಗಲಿಲ್ಲ, ಟಿವಿ ಸಹ ಸರಿ ಇತ್ತು. ಪ್ಯಾನೆಲ್ ಮಾತ್ರ ಸತ್ತಿತ್ತು. ಸಿಡಿಲು ಹತ್ತಿರ ಬಿದ್ದಾಗ ಶೆಡ್ಡಿನ ನೆಲಕ್ಕೂ ಮನೆಯ ನೆಲಕ್ಕೂ ನಡುವೆ ಸಾವಿರಗಟ್ಟಲೆ ವೋಲ್ಟ್ ವ್ಯತ್ಯಾಸ ಬರುತ್ತದೆ. ಎರಡನ್ನೂ ತಾಮ್ರದಲ್ಲಿ ಕಟ್ಟಿದ್ದರೆ ಆ ವ್ಯತ್ಯಾಸ ಹರಿಯುವುದು ಪ್ಯಾನೆಲ್ಲಿನ ಮೂಲಕವೇ. ರಿಪೇರಿಗೆ 2800. ವಯರಿಂಗಿನವ ಬಂದು ನೋಡಿ ಏನೂ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು.

ಆವಾಗಲೇ ತೀರ್ಮಾನ ಮಾಡಿದೆ. ಎರಡು ಕಟ್ಟಡದ ಅಲಾರಂ ಒಂದೇ ಕರೆಂಟು ಹಂಚಿಕೊಳ್ಳಬಾರದು. ಶೆಡ್ಡಿಗೆ ಅದರದ್ದೇ ಬ್ಯಾಟರಿ. ತಂತಿಯಲ್ಲಿ ಬರಬೇಕಾದದ್ದು "ಸರಿ ಇದೆ" ಅಥವಾ "ಸರಿ ಇಲ್ಲ" ಅನ್ನುವ ಒಂದೇ ಸುದ್ದಿ. ಅದೂ ಮನೆಯೊಳಗೆ ಬೆಳಕಾಗಿ ದಾಟಬೇಕು.

ಶೆಡ್ಡಿನಲ್ಲಿ 12 ವೋಲ್ಟ್, 7 ಎಎಚ್ ಬ್ಯಾಟರಿ, ಟ್ರಾನ್ಸ್‌ಫಾರ್ಮರ್ ಇರುವ ಚಾರ್ಜರ್, 13.6 ವೋಲ್ಟಿಗೆ ಕೂರಿಸಿದ್ದು. ಶಟರಿನ ಎರಡು ಮ್ಯಾಗ್ನೆಟ್ ಸ್ವಿಚ್, ಪಕ್ಕದ ಬಾಗಿಲಿನದ್ದು ಒಂದು, ಅಡಿಕೆ ಕೋಣೆಯ ಪಿಐಆರ್ (ಮೈ ಬಿಸಿಯ ಅಲುಗಾಟ ನೋಡುವ ಸೆನ್ಸರ್), ಡಬ್ಬಿಯ ಮುಚ್ಚಳದ ಸ್ವಿಚ್, ಎಲ್ಲವೂ ಸೀರೀಸ್, ಅಂದರೆ ಒಂದರ ಹಿಂದೆ ಒಂದು. ಅದರ ಜೊತೆ ಒಂದು 2.2 ಕೆ (2200 ಓಮ್) ರೆಸಿಸ್ಟರ್. ಅಲ್ಲಿಂದ ಎರಡು ತಂತಿ ಮನೆಗೆ ಬಂದು ಪಿಸಿ817 ಆಪ್ಟೋಕಪ್ಲರಿನ (ಬೆಳಕಿನಲ್ಲಿ ಸುದ್ದಿ ದಾಟಿಸುವ ಚಿಪ್ಪು) ಎಲ್‌ಇಡಿಗೆ ಸೇರುತ್ತದೆ. ಹರಿಯುವುದು ಬರೀ 5 ಮಿಲಿ ಆಂಪಿಯರ್. ಆಪ್ಟೋದ ಇನ್ನೊಂದು ಬದಿ ಪ್ಯಾನೆಲ್ಲಿನ ಝೋನಿಗೆ. ಇಲ್ಲಿ ಮಾತ್ರ ಝೋನಿನ ರೆಸಿಸ್ಟರ್ ಪ್ಯಾನೆಲ್ಲಿನ ಹತ್ತಿರ ಇದ್ದರೂ ತೊಂದರೆ ಇಲ್ಲ. ಕಾವಲು ಕಾಯುವುದು ಆ 5 ಮಿಲಿ ಆಂಪಿಯರ್.

ಮಜಾ ಇರುವುದು ಇಲ್ಲೇ. ಶಟರ್ ಎತ್ತಿದರೆ ಎಲ್‌ಇಡಿ ಆರುತ್ತದೆ. ತಂತಿ ಕತ್ತರಿಸಿದರೂ ಆರುತ್ತದೆ. ಜಾಣ ಕಳ್ಳ ಎರಡು ತಂತಿ ಸೇರಿಸಿದರೂ ಆರುತ್ತದೆ. ಬ್ಯಾಟರಿ ಸತ್ತರೂ ಆರುತ್ತದೆ. ಆರಿದರೆ ಅಲಾರಂ. ಇಷ್ಟು ಕೆಲಸ ಮಾಡುವ ಆ ಚಿಪ್ಪಿಗೆ ಮಂಗಳೂರಿನ ಹಂಪನಕಟ್ಟೆಯಲ್ಲಿ ಹತ್ತು ರೂಪಾಯಿಯೋ ಏನೋ ಕೊಟ್ಟೆ. 28 ಸಾವಿರದವರು ಇದನ್ನು ಹೇಳಲಿಲ್ಲ!

ಪಿಸಿ817 ತಡೆಯುವುದು 5000 ವೋಲ್ಟ್. ಹತ್ತಿರದ ಸಿಡಿಲಿಗೆ ಅದು ಸಾಲದೆ ಹೋಗಬಹುದು. ಹಾಗಾಗಿ ಅದಕ್ಕೆ ಮೊದಲು ಪ್ರತಿ ತಂತಿಯಿಂದ ಅರ್ಥಿಂಗಿಗೆ 90 ವೋಲ್ಟಿನ ಗ್ಯಾಸ್ ಟ್ಯೂಬ್ (ವೋಲ್ಟೇಜ್ ಏರಿದರೆ ನೆಲಕ್ಕೆ ಹರಿಸುವಂಥದ್ದು), ಎಲ್‌ಇಡಿಗೆ ಉಲ್ಟಾ ಒಂದು 4148 ಡಯೋಡ್ ಹಾಕಿದ್ದೇನೆ. ಚಿಪ್ಪನ್ನು ಬೆಸುಗೆ ಹಾಕದೆ ಬೇಸಿನಲ್ಲಿ ಕೂರಿಸಿದ್ದೇನೆ. ಸತ್ತರೆ ಕಿತ್ತು ಬೇರೆ ಹಾಕುವುದು, ಒಂದು ನಿಮಿಷದ ಕೆಲಸ. ಇದುವರೆಗೆ ಒಂದೇ ಒಂದು ಚಿಪ್ಪು ಹೋಗಿದೆ, ಅದೂ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲಿಗೆ. ಪ್ಯಾನೆಲ್ಲಿಗೆ ಗೀರು ಸಹ ಬಿದ್ದಿಲ್ಲ.

ಕೇಬಲ್ ಅಂದರೆ ಹಳೇ ಟೆಲಿಫೋನಿನ ಜೆಲ್ಲಿ ಕೇಬಲ್, 0.5 ಮಿಲಿಮೀಟರ್ ತಂತಿಯದ್ದು. ಒಳಗೆ ಗ್ರೀಸಿನಂಥದ್ದು ತುಂಬಿರುವುದರಿಂದ ನೀರು ಇಳಿಯುವುದಿಲ್ಲ. ನಮ್ಮ ಮಳೆಗೆ ಬೇರೆ ಯಾವುದೂ ಬೇಡ. ಮುರಕಲ್ಲಿನ ನೆಲದಲ್ಲಿ ಒಂದೂವರೆ ಅಡಿ ತೋಡಿಸಿ, ತೋಟದ ನೀರಾವರಿಗೆ ತಂದು ಉಳಿದಿದ್ದ ಕಪ್ಪು ಪೈಪಿನೊಳಗೆ ಹಾಕಿದೆ. ನಡುವೆ ಜಾಯಿಂಟ್ ಇಲ್ಲ. ಪೈಪನ್ನು ಒಂದೇ ಕಡೆಗೆ ಇಳಿಜಾರು ಮಾಡಿದೆ. ಕಡಿಮೆ ಆಳದಲ್ಲಿ ಹಾಕಿದರೆ ಕಾಡುಹಂದಿ ಒಂದೇ ರಾತ್ರಿಯಲ್ಲಿ ಮೇಲೆ ತರುತ್ತದೆ. ಪೈಪು ಮನೆಯ ಯಾವ ಮೂಲೆಯಿಂದ ಹೊರಡುತ್ತದೆ, ಎರಡನೆಯ ಜೋಡಿ ತಂತಿ ಎಲ್ಲಿ ಸುತ್ತಿ ಬರುತ್ತದೆ ಅನ್ನುವುದನ್ನು ಬರೆಯುವುದಿಲ್ಲ. ಅಷ್ಟು ನನ್ನಲ್ಲೇ ಇರಲಿ.

ಸೈರನ್ ವಿಷಯ. ಮೊದಲು ಪ್ಯಾನೆಲ್ಲಿನಿಂದಲೇ ಶೆಡ್ಡಿನ ಸೈರನ್ನಿಗೆ ಕರೆಂಟು ಕೊಟ್ಟು ನೋಡಿದೆ. ಹೋಗಿ ಬರುವ ತಂತಿ ಸೇರಿ ಹತ್ತಿರ ಹತ್ತಿರ 10 ಓಮ್. ಅರ್ಧ ಆಂಪಿಯರ್ ಎಳೆಯುವ ಸೈರನ್ನಿಗೆ ಅಲ್ಲಿ ಸಿಕ್ಕಿದ್ದು ಏಳೆಂಟು ವೋಲ್ಟ್. ಇಲಿಮರಿ ಕೂಗಿದ ಹಾಗೆ ಕೂಗಿತು. ಈಗ ಮನೆಯಿಂದ ಬರೀ ಆಜ್ಞೆ ಹೋಗುತ್ತದೆ. ಅಲ್ಲೂ ಒಂದು ಆಪ್ಟೋ, ಒಂದು ಟ್ರಾನ್ಸಿಸ್ಟರ್, ಒಂದು ರಿಲೇ. ಸೈರನ್ ಕೂಗುವುದು ಶೆಡ್ಡಿನ ಬ್ಯಾಟರಿಯಲ್ಲಿ. ಗುಡ್ಡದಾಚೆಗೂ ಕೇಳುತ್ತದೆ ಅಂತ ಆಚೆಮನೆಯವರು ಹೇಳಿದರು. ಹೊಗಳಿದ್ದೋ ಬೈದದ್ದೋ ಗೊತ್ತಾಗಲಿಲ್ಲ.

ಸುಮ್ಮಸುಮ್ಮನೆ ಕೂಗಿದ್ದೆಲ್ಲ ಪಿಐಆರಿನಿಂದಲೇ. ಬಿಸಿಲಿಗೆ ಕಾದ ಜಿಂಕ್ ಶೀಟಿಗೆ ಮಳೆ ಬಿದ್ದರೆ ಕೂಗುತ್ತಿತ್ತು. ಜೀಪು ತಂದು ನಿಲ್ಲಿಸಿದರೆ ಎಂಜಿನ್ ತಣಿಯುವವರೆಗೆ ಅನುಮಾನ. ಲೆನ್ಸಿನ ಮೇಲೆ ಹಲ್ಲಿ ನಡೆದರಂತೂ ಮುಗಿದೇ ಹೋಯಿತು. ಕೊನೆಗೆ ಅದನ್ನು ಜೀಪಿನ ಕಡೆಯಿಂದ ತೆಗೆದು, ಸೀಲಿಂಗ್ ಇರುವ ಅಡಿಕೆ ಕೋಣೆಗೆ ಮಾತ್ರ ಇಟ್ಟೆ. ಎರಡು ಸಲ ಅಲುಗಾಟ ಕಂಡರೆ ಮಾತ್ರ ಕೂಗಲಿ ಅಂತ ಪಲ್ಸ್ ಜಂಪರನ್ನು ಎರಡಕ್ಕೆ ಹಾಕಿ, ತಂತಿ ಬರುವ ತೂತಿಗೆ ಸಿಲಿಕೋನ್ ಬಳಿದೆ. ಇಲ್ಲದಿದ್ದರೆ ಒಳಗೆ ಇರುವೆ ಗೂಡು ಕಟ್ಟುತ್ತದೆ. ಶಟರಿಗೆ ಸಾಧಾರಣ ಮ್ಯಾಗ್ನೆಟ್ ಬೇಡ. ಗಾಳಿಗೆ ಶಟರ್ ಅಲ್ಲಾಡುತ್ತದೆ. ನೆಲಕ್ಕೆ ಕೂರಿಸುವ ದೊಡ್ಡ ಗ್ಯಾಪಿನದ್ದೇ ತನ್ನಿ, ಮುನ್ನೂರೋ ಮುನ್ನೂರೈವತ್ತೋ ಇದೆ.

ನಡುವೆ ಅಂಗಳದಲ್ಲಿ ಒಣಹಾಕಿದ ಅಡಿಕೆಗೂ ಕಾವಲು ಇರಲಿ ಅಂತ ಬೀಮ್ ಸೆನ್ಸರ್ (ಕಣ್ಣಿಗೆ ಕಾಣದ ಬೆಳಕಿನ ಗೆರೆಗೆ ಏನಾದರೂ ಅಡ್ಡ ಬಂದರೆ ಕೂಗುವಂಥದ್ದು) ಹಾಕಿ ನೋಡಿದ್ದೆ. ಬೆಳಗ್ಗೆ ನವಿಲು, ಮಧ್ಯಾಹ್ನ ಕಾಗೆ, ರಾತ್ರಿ ಗಾಳಿಗೆ ಎದ್ದ ಟಾರ್ಪಾಲು. ಒಂದು ವಾರದಲ್ಲಿ ಮನೆಯವಳೇ ಪ್ಲಗ್ ಕಿತ್ತಳು. ಶೆಡ್ಡಿನ ಮೇಲೆ 10 ವಾಟಿನ ಸೋಲಾರನ್ನೂ ಇಟ್ಟಿದ್ದೆ. ಅಡಿಕೆ ಮರದ ನೆರಳು, ಮಳೆಗಾಲದ ಮೋಡ, ಸೋಲಾರಿನ ಮೇಲೆ ಪಾಚಿ. ಜುಲೈಯಲ್ಲಿ ಬ್ಯಾಟರಿ 11 ವೋಲ್ಟಿಗೆ ಇಳಿಯಿತು. ಆ ಸೋಲಾರ್ ಈಗ ದನದ ಕೊಟ್ಟಿಗೆಯ ದೀಪ ಉರಿಸುತ್ತಿದೆ.

ಕರೆಂಟು ಹೋದರೆ? ಶೆಡ್ಡು ಎಳೆಯುವುದು ಒಟ್ಟು 25 ಮಿಲಿ ಆಂಪಿಯರ್ ಅಷ್ಟೆ. ಲೆಕ್ಕದಲ್ಲಿ ಹತ್ತು ದಿನಕ್ಕೂ ಜಾಸ್ತಿ ಬರಬೇಕು. ಹಳೇ ಬ್ಯಾಟರಿಯನ್ನು ನಾನು ನಾಲ್ಕು ದಿನಕ್ಕಿಂತ ಹೆಚ್ಚು ನಂಬುವುದಿಲ್ಲ. ಮೂರು ವರ್ಷವಾದರೆ ಬದಲಾಯಿಸಿ, ಸಾವಿರ ರೂಪಾಯಿಯ ಆಸುಪಾಸು.

ಈಗ ಭಾವ ತನ್ನ ಪಂಪ್ ಶೆಡ್ಡಿಗೂ ಇದನ್ನೇ ಹಾಕಿಕೊಡು ಅಂತ ಬೆನ್ನು ಹತ್ತಿದ್ದಾನೆ. ಅಲ್ಲಿಗೆ 200 ಮೀಟರ್ ಆಗುತ್ತದೆ. ತಂತಿ 35 ಓಮ್ ಆದರೂ 2.2 ಕೆ ಮುಂದೆ ಅದು ಲೆಕ್ಕಕ್ಕಿಲ್ಲ, ಕೆಲಸ ಮಾಡಿಯೇ ಮಾಡುತ್ತದೆ. ಡಬ್ಬಿಗಳನ್ನು ಮಾಡಿ ಇಟ್ಟಿದ್ದೇನೆ. ಗುಂಡಿ ತೋಡಿಸುವ ಖರ್ಚು ಅವನದ್ದು.