‘ಹಾಲು ಸಾಲ್ತಿಲ್ಲ’ ಅಂತಾರಾ? ಮೊದಲ ಎರಡು ವಾರ ಹೀಗೆ ಹಾಲೂಡಿಸಿ

ಹೆರಿಗೆಯಾದ ಎರಡನೇ ದಿನ ಮಗು ಸ್ವಲ್ಪ ಜಾಸ್ತಿ ಅತ್ತರೆ ಸಾಕು, ನೋಡಲು ಬಂದವರೆಲ್ಲ ಒಂದೇ ಮಾತು ಹೇಳುತ್ತಾರೆ: ‘ಹಾಲು ಸಾಲ್ತಿಲ್ಲ ಕಣಮ್ಮಾ, ಡಬ್ಬಿ ತರಿಸು.’ ಆ ಮಾತು ಬಾಣಂತಿಯ ತಲೆಯಲ್ಲಿ ಕೂತುಬಿಡುತ್ತದೆ. ಆದರೆ ಹೆಚ್ಚಿನ ತಾಯಂದಿರಲ್ಲಿ ಹಾಲಿಗೆ ಕೊರತೆ ಇರುವುದಿಲ್ಲ. ಮಗು ಎದೆಯನ್ನು ಸರಿಯಾಗಿ ಬಾಯಿಗೆ ತೆಗೆದುಕೊಂಡಿರುವುದಿಲ್ಲ, ಅಷ್ಟೇ. ಅದನ್ನು ಸರಿಮಾಡಿದರೆ ಅರ್ಧ ಗೋಳು ಮುಗಿದ ಹಾಗೆ.

ಹೆರಿಗೆಗೆ ಮುಂಚೆ

ಮಾಡುವುದು ಹೆಚ್ಚೇನಿಲ್ಲ. ಮೊಲೆತೊಟ್ಟು ಒಳಕ್ಕೆ ಹೋಗಿದ್ದರೆ, ಎದೆಯ ಆಪರೇಷನ್ ಆಗಿದ್ದರೆ, ಥೈರಾಯ್ಡ್ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ತೊಟ್ಟನ್ನು ಎಳೆದು, ತಿಕ್ಕಿ ‘ರೆಡಿ’ ಮಾಡುವ ಅಗತ್ಯವಿಲ್ಲ. ಆಸ್ಪತ್ರೆಯಲ್ಲಿ ಜೊತೆಗಿರುವವರು ಯಾರು ಎಂದು ಈಗಲೇ ಮಾತಾಡಿಕೊಳ್ಳಿ. ಡಬ್ಬಿ ಹಾಲಿಗೆ ಓಡುವವರಲ್ಲ, ಮಗುವನ್ನು ಎತ್ತಿ ನಿಮ್ಮ ಎದೆಗೆ ಹಿಡಿಯಲು ಕೈಕೊಡುವವರು ಬೇಕು.

ಮೊದಲ ಗಂಟೆ

ಮಗು ಹುಟ್ಟಿದ ಒಂದು ಗಂಟೆಯೊಳಗೆ ಹಾಲೂಡಿಸಲು ಶುರು ಮಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಗುವನ್ನು ಒರೆಸಿ, ಬಟ್ಟೆ ಹಾಕದೆ ನಿಮ್ಮ ಬರಿ ಎದೆಯ ಮೇಲೆ ಮಲಗಿಸಿ, ಮೇಲಿಂದ ಹೊದಿಸಲು ಕೇಳಿ. ಸಿಸೇರಿಯನ್ ಆಗಿದ್ದರೂ ತಾಯಿ ಎಚ್ಚರವಿದ್ದು, ಇಬ್ಬರೂ ಆರೋಗ್ಯವಾಗಿದ್ದರೆ ನರ್ಸ್ ಸಹಾಯದಿಂದ ಇದು ಸಾಧ್ಯ.

ಮೊದಲ ಒಂದೆರಡು ದಿನ ಬರುವುದು ಗಟ್ಟಿಯಾದ, ಹಳದಿ ಬಣ್ಣದ ಗಿಣ್ಣು ಹಾಲು. ಕೆಲವು ಮನೆಗಳಲ್ಲಿ ಇದನ್ನು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲುತ್ತಾರೆ. ದಯವಿಟ್ಟು ಚೆಲ್ಲಬೇಡಿ. ಸೋಂಕು ತಡೆಯುವ ಅಂಶಗಳು ತುಂಬಿರುವುದೇ ಇದರಲ್ಲಿ. ಬರುವುದು ಕೆಲವೇ ಚಮಚ. ಆದರೆ ಆ ಪುಟ್ಟ ಹೊಟ್ಟೆಗೆ ಬೇಕಾಗಿರುವುದೂ ಅಷ್ಟೇ.

ಜೇನುತುಪ್ಪ, ಸಕ್ಕರೆ ನೀರು, ಹರಳೆಣ್ಣೆ, ತೇಯ್ದ ಬಜೆ, ಗ್ರೈಪ್ ವಾಟರ್ ಯಾವುದೂ ಬೇಡ. ಬೀದಿಯಲ್ಲಿ ಕೂಗುತ್ತಾ ಬರುವ ಕತ್ತೆ ಹಾಲಂತೂ ಬೇಡವೇ ಬೇಡ. ಒಂದು ವರ್ಷ ತುಂಬದ ಮಗುವಿಗೆ ಜೇನು ಅಪಾಯಕಾರಿ. ಹಿರಿಯರ ಜೊತೆ ಜಗಳ ಬೇಡ, ‘ಡಾಕ್ಟರು ಬೇಡ ಅಂದಿದ್ದಾರೆ’ ಎಂದುಬಿಡಿ.

ಬಾಯಿಗೆ ಹಿಡಿಸುವುದು

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಅವಸರ ಮಾಡಬೇಡಿ.

ಮೊದಲು ನೀವು ಆರಾಮಾಗಿ ಕೂತುಕೊಳ್ಳಿ. ಬೆನ್ನಿಗೆ ಗೋಡೆಯೋ ದಿಂಬೋ ಇರಲಿ, ತೊಡೆಯ ಮೇಲೆ ಇನ್ನೊಂದು ದಿಂಬು. ಮಗುವನ್ನು ಎದೆಯ ಮಟ್ಟಕ್ಕೆ ಎತ್ತಿಕೊಳ್ಳಬೇಕು, ನೀವು ಮಗುವಿನ ಕಡೆಗೆ ಬಗ್ಗಬಾರದು. ಬಗ್ಗಿ ಬಗ್ಗಿಯೇ ಎಷ್ಟೋ ಬಾಣಂತಿಯರ ಸೊಂಟ, ಕತ್ತು ಹಿಡಿದುಕೊಳ್ಳುವುದು.

ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಿರಲಿ. ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಲಿ. ಬರೀ ತಲೆ ಪಕ್ಕಕ್ಕೆ ತಿರುಗಿದ್ದರೆ ನುಂಗುವುದು ಕಷ್ಟ. ಬೇಕಿದ್ದರೆ ನೀವೇ ಕತ್ತು ಪಕ್ಕಕ್ಕೆ ತಿರುಗಿಸಿ ಒಂದು ಗುಟುಕು ನೀರು ಕುಡಿದು ನೋಡಿ.

ಈಗ ಮಗುವಿನ ಮೂಗು ತೊಟ್ಟಿನ ಎದುರಿಗೆ ಬರುವಂತೆ ಹಿಡಿಯಿರಿ. ತೊಟ್ಟಿನಿಂದ ಮೇಲ್ತುಟಿಯನ್ನು ಮೆತ್ತಗೆ ಸವರಿ, ಕಾಯಿರಿ. ಆಕಳಿಸುವಷ್ಟು ದೊಡ್ಡದಾಗಿ ಬಾಯಿ ತೆರೆದ ಕೂಡಲೇ ಮಗುವನ್ನು ಎದೆಗೆ ತನ್ನಿ. ಮೊದಲು ಗದ್ದ ತಾಗಬೇಕು. ತಲೆಯನ್ನು ಹಿಂದಿನಿಂದ ಒತ್ತಬೇಡಿ. ಕತ್ತು, ಬೆನ್ನಿಗೆ ಆಸರೆ ಕೊಟ್ಟರೆ ಸಾಕು.

ಸರಿಯಾಗಿ ಹಿಡಿದಿದ್ದರೆ ಬಾಯಿ ಅಗಲವಾಗಿರುತ್ತದೆ, ಕೆಳತುಟಿ ಹೊರಕ್ಕೆ ಮಡಚಿರುತ್ತದೆ. ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲ್ಗಡೆ ಹೆಚ್ಚು, ಕೆಳಗಡೆ ಕಡಿಮೆ ಕಾಣುತ್ತದೆ. ಕೆನ್ನೆ ಗುಳಿ ಬಿದ್ದರೆ ಅಥವಾ ಚಪ್ಪರಿಸುವ ಸದ್ದು ಬಂದರೆ ಬರೀ ತೊಟ್ಟನ್ನು ಚೀಪುತ್ತಿದೆ ಎಂದರ್ಥ. ಶುರುವಿನಲ್ಲಿ ಕೆಲವು ಕ್ಷಣ ಎಳೆದಂತಾಗುವುದು ಸಹಜ. ನೋವು ಹಾಗೇ ಮುಂದುವರಿದರೆ ಹಲ್ಲು ಕಚ್ಚಿ ಸಹಿಸಬೇಡಿ. ತೊಳೆದ ಕಿರುಬೆರಳನ್ನು ಮಗುವಿನ ಬಾಯಿಯ ಮೂಲೆಯಲ್ಲಿ ಹಾಕಿ, ಬಿಡಿಸಿ, ಮತ್ತೆ ಹಿಡಿಸಿ. ತೊಟ್ಟು ಬಿರುಕು ಬಿಡಲು ಮುಖ್ಯ ಕಾರಣ ಈ ತಪ್ಪು ಹಿಡಿತವೇ. ಬಿರುಕಿಗೆ ನಿಮ್ಮದೇ ನಾಲ್ಕು ಹನಿ ಹಾಲು ಸವರಿ ಗಾಳಿಗೆ ಒಣಗಲು ಬಿಡಿ, ಸೋಪು ಹಚ್ಚಬೇಡಿ.

ಹೊಲಿಗೆ ನೋವಿದ್ದವರು ಪಕ್ಕಕ್ಕೆ ಮಲಗಿ ಕೊಡಬಹುದು. ಇಲ್ಲವೇ ಮಗುವಿನ ಕಾಲು ನಿಮ್ಮ ಬೆನ್ನಿನ ಕಡೆ ಬರುವಂತೆ ಕಂಕುಳ ಕೆಳಗೆ ಹಿಡಿದುಕೊಂಡರೆ ಹೊಟ್ಟೆಯ ಮೇಲೆ ಭಾರ ಬೀಳುವುದಿಲ್ಲ.

ಎಷ್ಟು ಸಲ ಕೊಡಬೇಕು?

ದಿನಕ್ಕೆ 8ರಿಂದ 12 ಸಲ, ರಾತ್ರಿಯೂ ಸೇರಿ. ಗಡಿಯಾರಕ್ಕಿಂತ ಮಗುವನ್ನು ನೋಡಿ. ಬಾಯಿ ಆಡಿಸುವುದು, ಕೈ ಚೀಪುವುದು, ತಲೆ ಅತ್ತಿತ್ತ ಹೊರಳಿಸಿ ಹುಡುಕುವುದು ಹಸಿವಿನ ಸೂಚನೆ. ಅಳು ಬರುವುದು ಕೊನೆಗೆ. ಅಷ್ಟರಲ್ಲಿ ಮಗು ಸಿಟ್ಟಿಗೆದ್ದಿರುತ್ತದೆ, ಸರಿಯಾಗಿ ಹಿಡಿಯುವುದಿಲ್ಲ. ಒಂದು ಕಡೆ ಕುಡಿದು ತಾನಾಗಿ ಬಿಟ್ಟ ಮೇಲೆ ಇನ್ನೊಂದು ಕಡೆ ಕೊಡಿ.

ಸಂಜೆ ಹೊತ್ತು ಕೆಲವು ಮಕ್ಕಳು ಬಿಡದೆ ಕುಡಿಯುತ್ತವೆ. ಅದು ಹಾಲು ಕಮ್ಮಿಯಾದ ಲಕ್ಷಣವಲ್ಲ. ಮಗು ಕುಡಿದಷ್ಟೂ ಹಾಲು ಊರುತ್ತದೆ. ನಡುವೆ ಸುಮ್ನೆ ಎರಡು ಬಾಟಲಿ ಡಬ್ಬಿ ಹಾಲು ಕೊಟ್ಟರೆ ಮಗು ಅಷ್ಟು ಕಡಿಮೆ ಚೀಪುತ್ತದೆ, ನಿಜವಾಗಿಯೂ ಹಾಲು ಇಳಿಯುತ್ತದೆ. ಡಾಕ್ಟರು ಮಗುವಿನ ತೂಕ ನೋಡಿ ಮೇಲುಹಾಲು ಬೇಕು ಎಂದರೆ ಕೊಡಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಪಕ್ಕದ ಮನೆಯವರು ಹೇಳಿದರು ಎಂದು ಕೊಡಬೇಡಿ.

ಸಾಲುತ್ತಿದೆ ಎಂದು ತಿಳಿಯುವುದು ಹೇಗೆ?

ಅಳು ಲೆಕ್ಕ ಹಾಕಬೇಡಿ, ಒದ್ದೆ ಬಟ್ಟೆ ಲೆಕ್ಕ ಹಾಕಿ. ಮೊದಲ ದಿನ ಒಂದೆರಡು ಸಲ ಉಚ್ಚೆ ಹೊಯ್ದರೆ ಸಾಕು. ಐದನೇ ದಿನದ ಹೊತ್ತಿಗೆ 24 ಗಂಟೆಯಲ್ಲಿ ಆರಾದರೂ ಬಟ್ಟೆ ಒದ್ದೆಯಾಗಬೇಕು. ಕಪ್ಪಗಿದ್ದ ಮಲ ಅಷ್ಟರಲ್ಲಿ ಹಳದಿಗೆ ತಿರುಗಿರಬೇಕು. ಮೊದಲ ವಾರ ಡೈಪರ್ ಬಿಟ್ಟು ಹಳೆಯ ಹತ್ತಿ ಬಟ್ಟೆ ಕಟ್ಟಿದರೆ ಲೆಕ್ಕ ಸುಲಭ. ಶುರುವಿನಲ್ಲಿ ಮಗುವಿನ ತೂಕ ಸ್ವಲ್ಪ ಇಳಿದು ಎರಡು ವಾರದೊಳಗೆ ಮತ್ತೆ ಹುಟ್ಟಿದ ತೂಕಕ್ಕೆ ಬರುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14ನೇ ದಿನ ಬರುತ್ತಾರೆ. ತೂಕ ನೋಡಲು ಅವರನ್ನೇ ಕೇಳಿ.

ಬಾಣಂತಿಗೆ

ಸಬ್ಬಸಿಗೆ, ಬೆಳ್ಳುಳ್ಳಿ, ಮೆಂತೆ, ಅಂಟಿನ ಉಂಡೆ ಎಲ್ಲವನ್ನೂ ಖುಷಿಯಾಗಿ ತಿನ್ನಿ. ಆದರೆ ‘ಬಾಣಂತಿ ನೀರು ಕುಡಿಯಬಾರದು’ ಎಂಬ ಕಟ್ಟುಪಾಡು ಮಾತ್ರ ಕೈಬಿಡಿ. ಬಾಯಾರಿದಷ್ಟು ಕುಡಿಯಿರಿ. ಕಬ್ಬಿಣಾಂಶ, ಕ್ಯಾಲ್ಸಿಯಂ ಮಾತ್ರೆಗಳು ಹೆರಿಗೆಯ ನಂತರವೂ ಆರು ತಿಂಗಳು ಇರುತ್ತವೆ. ಮಗುವಿಗೆ ಮಾತ್ರ ಆರು ತಿಂಗಳವರೆಗೆ ನೀರು ಬೇಡ, ಬಳ್ಳಾರಿಯ ಬೇಸಿಗೆಯಲ್ಲೂ. ಎದೆಹಾಲಿನಲ್ಲಿ ಹೆಚ್ಚಿನದೆಲ್ಲ ನೀರೇ.

ಎದೆ ಕಟ್ಟಿಕೊಂಡರೆ

ಮೂರು–ನಾಲ್ಕನೇ ದಿನ ಎದೆ ಬಿಗಿದು ಕಲ್ಲಿನಂತಾಗಬಹುದು. ಹಾಲೂಡಿಸುವ ಮುಂಚೆ ಒಂದೆರಡು ನಿಮಿಷ ಬೆಚ್ಚಗಿನ ಬಟ್ಟೆ ಇಡಿ. ಕೈ ತೊಳೆದು, ಹೆಬ್ಬೆರಳನ್ನು ಕಪ್ಪು ಭಾಗದ ಮೇಲಂಚಿಗೆ, ತೋರುಬೆರಳನ್ನು ಕೆಳಂಚಿಗೆ ಇಡಿ. ಮೊದಲು ಪಕ್ಕೆಲುಬಿನ ಕಡೆಗೆ ಒತ್ತಿ, ಆಮೇಲೆ ಬೆರಳು ಕೂಡಿಸಿ ಹಿಂಡಿ, ಬಿಡಿ. ತೊಟ್ಟನ್ನು ಎಳೆಯಬೇಡಿ. ಸ್ವಲ್ಪ ಮೆತ್ತಗಾದ ಮೇಲೆ ಮಗುವಿಗೆ ಹಿಡಿಸಿ. ಕುಡಿಸಿದ ನಂತರ ತಣ್ಣನೆ ಬಟ್ಟೆ ಹಾಕಿದರೆ ಊತ ಇಳಿಯುತ್ತದೆ. ಒಳಲೆಯನ್ನೋ ಚಮಚವನ್ನೋ ತೊಳೆದು, ನೀರಿನಲ್ಲಿ ಕುದಿಸಿ ಇಟ್ಟುಕೊಂಡು, ಹಿಂಡಿದ ಹಾಲನ್ನು ಅದರಲ್ಲಿ ಕುಡಿಸಬಹುದು.

ಯಾವಾಗ ಆಸ್ಪತ್ರೆಗೆ?

ಎದೆಯ ಒಂದು ಭಾಗ ಕೆಂಪಾಗಿ ಬಿಸಿಯಾಗಿದ್ದು ನಿಮಗೆ ಜ್ವರ ಬಂದರೆ ಅದೇ ದಿನ ಡಾಕ್ಟರಿಗೆ ತೋರಿಸಿ, ಹಾಲೂಡಿಸುವುದನ್ನು ನಿಲ್ಲಿಸಬೇಡಿ. ಮಗು ಎಬ್ಬಿಸಿದರೂ ಕುಡಿಯದೆ ಮಂಕಾಗಿದ್ದರೆ, ಬಟ್ಟೆ ಒದ್ದೆಯಾಗುವುದು ಕಡಿಮೆಯಾದರೆ, ಅಂಗೈ ಅಂಗಾಲಿನವರೆಗೆ ಹಳದಿಯಾದರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ, ಉಸಿರಾಟ ಜೋರಾದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಆಸ್ಪತ್ರೆ ಸೇರುವವರೆಗೆ ಮಗುವನ್ನು ನಿಮ್ಮ ಮೈಗೆ ಒತ್ತಿಕೊಂಡು ಬೆಚ್ಚಗಿಟ್ಟುಕೊಳ್ಳಿ.