ಆಟಿ ಮಳೆಗೆ ಒಡ್ಡಿದ ಬೆಳ್ಳಿ ಗೆರೆ

ಉಡುಪಿಯಲ್ಲಿ ನನ್ನದೊಂದು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಮದುವೆ ಕರೆಯೋಲೆ, ಬಟ್ಟೆ ಚೀಲ, ಅಕ್ರಿಲಿಕ್ ನಾಮಫಲಕ, ಅಂಗಡಿಗಳ ಸ್ಟಿಕ್ಕರ್ – ಇಪ್ಪತ್ತಮೂರು ವರ್ಷಗಳಿಂದ ಇದೇ ಕೆಲಸ. ಮೂರು ವರ್ಷದ ಹಿಂದೆ ಮಣಿಪಾಲದಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದ ಅಕ್ಕನ ಮಗಳು ಒಂದು ಪುಟ್ಟ ಡಬ್ಬಿ ತಂದು ಮೇಜಿನ ಮೇಲಿಟ್ಟಳು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಎತ್ತಿದರೆ ತೂಕಕ್ಕೆ ಕೈ ಕೆಳಗೆ ಜಗ್ಗಿತು. "ಮಾವ, ಇದು ಬೆಳ್ಳಿಯ ಶಾಯಿ. ಇದರಲ್ಲಿ ಗೆರೆ ಎಳೆದರೆ ವಿದ್ಯುತ್ ಹರಿಯುತ್ತದೆ. ಪ್ಲಾಸ್ಟಿಕ್ ಹಾಳೆಯ ಮೇಲೆ ನೀವು ಅಚ್ಚು ಹಾಕಿಕೊಡಬೇಕು" ಎಂದಳು.

ಅವಳ ಅಪ್ಪನಿಗೆ, ಅಂದರೆ ನನ್ನ ಭಾವನಿಗೆ, ಹೆಬ್ರಿಯ ಹತ್ತಿರ ಅಡಿಕೆ ತೋಟವಿದೆ. ಮಳೆಗಾಲದಲ್ಲಿ ಅವರ ತಲೆಯಲ್ಲಿ ಇರುವುದು ಒಂದೇ ಚಿಂತೆ, ಕೊಳೆರೋಗ. ರೋಗದ ಬೀಜಕಣಗಳಿಗೆ ಕಾಯಿಯ ಮೇಲೆ ತೆಳುವಾಗಿ ನಿಂತ ನೀರು ಸಾಕು, ಅದರಲ್ಲೇ ಈಜಿಕೊಂಡು ಹೋಗಿ ತಗಲುತ್ತವೆ. ಮುಂಗಾರು ಹಿಡಿಯುವ ಮೊದಲು ಒಮ್ಮೆ, ಮತ್ತೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಮ್ಮೆ ಮದ್ದು ಬಿಡಬೇಕು: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನೆಯ ಸಲದ್ದೇ ಕಷ್ಟ. ಗೊನೆ ಒದ್ದೆಯಿದ್ದರೆ ಮದ್ದು ಹಿಡಿಯುವುದಿಲ್ಲ. ಮಳೆ ಹೊಳವಾದ ನಾಲ್ಕು ಗಂಟೆಯಲ್ಲಿ ಕೆಲಸ ಮುಗಿಯಬೇಕು. ಮರ ಹತ್ತುವವರನ್ನು ಅಥವಾ ದೋಟಿ ಹಿಡಿಯುವವರನ್ನು ಅಷ್ಟರೊಳಗೆ ಕರೆಸಬೇಕು. ಗೊನೆಯ ಮಟ್ಟದಲ್ಲಿ ಎಷ್ಟು ಹೊತ್ತು ಒದ್ದೆ ನಿಂತಿತು, ಯಾವಾಗ ಒಣಗಿತು ಎಂದು ತಿಳಿಸುವ ತೆಳು ಹಾಳೆಯ ಸಂವೇದಕ ಮಾಡಬೇಕೆಂಬುದು ಅಕ್ಕನ ಮಗಳ ಆಸೆ. ವಿನ್ಯಾಸ ಸರಳವಾಗಿತ್ತು. ಎರಡು ಬಾಚಣಿಗೆಗಳ ಹಲ್ಲುಗಳನ್ನು ಒಂದರೊಳಗೊಂದು ತೂರಿಸಿದಂತೆ ಬೆಳ್ಳಿ ಗೆರೆಗಳು. ಗೆರೆ ಅರ್ಧ ಮಿಲಿಮೀಟರ್, ನಡುವಿನ ಸಂದು ಅರ್ಧ ಮಿಲಿಮೀಟರ್.

ಬೆಳ್ಳಿ ಶಾಯಿ ಎಂದರೆ ಕರಗಿದ ಬೆಳ್ಳಿಯಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಚಕ್ಕೆಗಳು ಅಂಟಿನಂಥ ರಾಳದಲ್ಲಿ ತೇಲುತ್ತಿರುತ್ತವೆ. ದ್ರಾವಕ ಆರಿ ರಾಳ ಕುಗ್ಗಿದಾಗ ಚಕ್ಕೆಗಳು ಒಂದಕ್ಕೊಂದು ಒತ್ತಿಕೊಂಡು ದಾರಿಯಾಗುತ್ತದೆ. ಅಚ್ಚು ಹಾಕುವುದು ನನಗೆ ಹೊಸದಲ್ಲ. ಇಂಚಿಗೆ 230 ಎಳೆಯ ಪಾಲಿಯೆಸ್ಟರ್ ಮೆಶ್, ಅಂದರೆ ಬಲೆಯಂಥ ಬಟ್ಟೆ, ಬಿಗಿದು, ಬೆಳಕಿಗೆ ಗಟ್ಟಿಯಾಗುವ ಎಮಲ್ಷನ್ ಬಳಿದು, ವಿನ್ಯಾಸದ ಫಿಲ್ಮ್ ಇಟ್ಟು ಬೆಳಕಿಗೆ ಒಡ್ಡಿದೆ. ಮೊದಲ ಹಾಳೆಯಲ್ಲೇ ಗೆರೆಯ ಅಂಚು ಗರಗಸದ ಹಲ್ಲಿನಂತೆ ಬಂತು. ಕರೆಯೋಲೆಯ ಅಕ್ಷರದಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಇಲ್ಲಿ ಅರ್ಧ ಮಿಲಿಮೀಟರ್ ಸಂದಿನಲ್ಲಿ ಹಲ್ಲು ಹಲ್ಲಿಗೆ ತಾಗಿಬಿಡುತ್ತದೆ. ಮೆಶ್ಶನ್ನು ಫ್ರೇಮಿಗೆ ಇಪ್ಪತ್ತೆರಡೂವರೆ ಡಿಗ್ರಿ ಓರೆಯಾಗಿ ಬಿಗಿದ ಮೇಲೆ ಅಂಚು ನೇರವಾಯಿತು.

ಆಮೇಲೆ ಒಣಗಿಸುವ ಪಾಠ. ರೂಢಿಯಂತೆ ಹಾಳೆಗಳನ್ನು ರಾತ್ರಿ ರ್‍ಯಾಕಿನಲ್ಲಿಟ್ಟೆ. ಬೆಳಗ್ಗೆ ಮುಟ್ಟಿದರೆ ಒಣಗಿತ್ತು, ಹೊಳೆಯುತ್ತಿತ್ತು. ಒಂದು ಮಿಲಿಮೀಟರ್ ಅಗಲ, ಹತ್ತು ಸೆಂಟಿಮೀಟರ್ ಉದ್ದದ ಪರೀಕ್ಷಾ ಗೆರೆಗೆ ಮಲ್ಟಿಮೀಟರ್ ಹಿಡಿದರೆ ರೋಧ, ಅಂದರೆ ವಿದ್ಯುತ್ ಹರಿಯಲು ಇರುವ ಅಡ್ಡಿ, 38 ಓಮ್. ಅಕ್ಕನ ಮಗಳು ಲೆಕ್ಕ ಹೇಳಿಕೊಟ್ಟಳು: ಗೆರೆಯನ್ನು ಅದರ ಅಗಲದಷ್ಟೇ ಉದ್ದದ ಚೌಕಗಳಾಗಿ ಎಣಿಸಬೇಕು, ಇಲ್ಲಿ ನೂರು ಚೌಕ; ನಮ್ಮ ದಪ್ಪಕ್ಕೆ ಎಲ್ಲ ಸೇರಿ ನಾಲ್ಕೈದು ಓಮ್ ಇರಬೇಕಿತ್ತು. ಹೊರಗೆ ಒಣಗಿದ್ದರೂ ಒಳಗೆ ದ್ರಾವಕ ಉಳಿದಿತ್ತು. ಗುಜರಿಗೆ ಬಂದಿದ್ದ ಬೇಕರಿಯ ಹಳೆಯ ವಿದ್ಯುತ್ ಓವನ್ ಕೊಂಡುಕೊಂಡೆ. 120 ಡಿಗ್ರಿಯಲ್ಲಿ ಹದಿನೈದು ನಿಮಿಷ ಇಟ್ಟು ತೆಗೆದಾಗ ಅದೇ ಗೆರೆ 4.6 ಓಮಿಗೆ ಇಳಿದಿತ್ತು. ಮಲ್ಟಿಮೀಟರಿನ ಆ ಅಂಕಿಯನ್ನು ನಾನು ಮೂರು ಸಲ ಅಳೆದು ನೋಡಿದೆ. ನನ್ನ ಕೈಯಿಂದ ಬಂದ ಅಚ್ಚು ಮೊದಲ ಬಾರಿಗೆ ನೋಡುವುದಕ್ಕಲ್ಲದೆ ಬೇರೊಂದಕ್ಕೆ ಒದಗಿತ್ತು. ಆ ಸಂತೋಷ ಈಗಲೂ ಹಾಗೇ ಇದೆ.

ಓವನ್ನಿನ ಜೊತೆಗೆ ಇನ್ನೊಂದು ತೊಡಕು ಬಂತು. ಪಾಲಿಯೆಸ್ಟರ್ ಹಾಳೆ ಬಿಸಿಗೆ ಕುಗ್ಗುತ್ತದೆ. ಮೂವತ್ತು ಸೆಂಟಿಮೀಟರ್ ಹಾಳೆ ಸುಮಾರು ಒಂದೂವರೆ ಮಿಲಿಮೀಟರ್ ಗಿಡ್ಡವಾಯಿತು, ಎರಡನೆಯ ಪದರದ ಅಚ್ಚು ಮೊದಲನೆಯದರ ಮೇಲೆ ಕೂರಲಿಲ್ಲ. ಅಂದಿನಿಂದ ಖಾಲಿ ಹಾಳೆಯನ್ನೇ ಮೊದಲು ಓವನ್ನಿಗೆ ಹಾಕಿ, ಕುಗ್ಗುವಷ್ಟು ಕುಗ್ಗಿಸಿ, ಆಮೇಲೆ ಅಚ್ಚು ಹಾಕುತ್ತೇನೆ. ಕುಗ್ಗದಂತೆ ಮೊದಲೇ ಹದಗೊಳಿಸಿದ ಹಾಳೆಯೂ ಸಿಗುತ್ತದೆ, ಕೈಗೆ ಎಟುಕಿದರೆ ಅದೇ ಒಳ್ಳೆಯದು. ಶಾಯಿಯ ಡಬ್ಬಿ ಫ್ರಿಜ್ಜಿನಲ್ಲಿದ್ದರೆ ಹೊರಗೆ ತೆಗೆದ ಕೂಡಲೇ ಮುಚ್ಚಳ ಬಿಚ್ಚಬಾರದು. ನಮ್ಮ ಕರಾವಳಿಯ ಗಾಳಿಯ ತೇವವೆಲ್ಲ ತಣ್ಣನೆಯ ಶಾಯಿಯ ಮೇಲೆ ಹನಿಯಾಗಿ ಕೂರುತ್ತದೆ. ಎರಡು ಗಂಟೆ ಹೊರಗಿಟ್ಟು, ತಳಕ್ಕೆ ಇಳಿದ ಬೆಳ್ಳಿಯನ್ನು ನಿಧಾನವಾಗಿ ಕಲಸಿ, ಆಮೇಲೆ ಮೆಶ್ಶಿಗೆ ಸುರಿಯಬೇಕು.

ಆರು ಸಂವೇದಕಗಳನ್ನು ಆಷಾಢದಲ್ಲಿ ಭಾವನ ತೋಟಕ್ಕೆ ಒಯ್ದು ಗಿಡ್ಡ ಮರಗಳ ಗೊನೆಯ ಪಕ್ಕ ಕಟ್ಟಿದೆವು. ಐದು ವೋಲ್ಟ್ ಕೊಟ್ಟು ಎರಡು ಬಾಚಣಿಗೆಗಳ ನಡುವಿನ ರೋಧ ಅಳೆಯುವುದು ಅಂದಿನ ಉಪಾಯ. ನೀರು ಬಿದ್ದರೆ ರೋಧ ಇಳಿಯುತ್ತದೆ, ಒಣಗಿದರೆ ಏರುತ್ತದೆ. ಮೊದಲ ಎರಡು ದಿನ ಸರಿಯಾಗಿತ್ತು. ಮೂರನೆಯ ದಿನದಿಂದ ಒಂದೊಂದಾಗಿ ಎಲ್ಲವೂ ಸದಾ ಒದ್ದೆ ಎಂದೇ ಹೇಳತೊಡಗಿದವು. "ಬಿಸಿಲು ಬಿದ್ದಿದೆ ಮಾರಾಯ, ನಿನ್ನ ಹಾಳೆ ಮಾತ್ರ ಮಳೆ ಎನ್ನುತ್ತಿದೆ" ಎಂದು ಭಾವ ಫೋನ್ ಮಾಡಿದರು.

ಬಿಚ್ಚಿ ತಂದು, ಪಾಸಿಟಿವ್ ಫಿಲ್ಮ್ ಪರೀಕ್ಷಿಸುವ ಭೂತಗನ್ನಡಿ ಹಿಡಿದೆ. ಸಂದುಗಳಲ್ಲಿ ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಕಪ್ಪು ಜರಿಗಿಡಗಳು ಬೆಳೆದಿದ್ದವು. ಕಾಂಡ, ಕವಲು, ಕವಲಿಗೆ ಮರಿಕವಲು. ನಂಬಲಾಗದೆ ಹೊಸ ಹಾಳೆಯ ಮೇಲೆ ಬ್ಯಾಟರಿಗೆ ಹಾಕುವ ಶುದ್ಧ ನೀರಿನ ಒಂದು ಹನಿ ಇಟ್ಟು, ಐದು ವೋಲ್ಟ್ ಕೊಟ್ಟು ಭೂತಗನ್ನಡಿಯಲ್ಲಿ ನೋಡುತ್ತ ಕುಳಿತೆ. ಕೆಲವೇ ನಿಮಿಷದಲ್ಲಿ ಋಣ ಗೆರೆಯ ಅಂಚು ಮಸುಕಾಯಿತು, ಕೂದಲಿನಂಥ ಎಳೆ ಎದ್ದಿತು, ಕವಲೊಡೆದು ಎದುರು ಗೆರೆಯ ಕಡೆ ತೆವಳಿ ತಾಗಿಯೇ ಬಿಟ್ಟಿತು. ಧನ ಗೆರೆಯ ಬೆಳ್ಳಿ ನೀರಿನಲ್ಲಿ ಅಯಾನಾಗಿ ಕರಗಿ, ದಾಟಿ ಬಂದು, ಋಣ ಗೆರೆಯ ಮೇಲೆ ಮತ್ತೆ ಲೋಹವಾಗಿ ಕೂರುತ್ತದೆ. ತೇವ, ಒಂದೇ ದಿಕ್ಕಿನ ವೋಲ್ಟೇಜ್, ಬೆಳ್ಳಿ – ಮೂರು ಸೇರಿದರೆ ಹೀಗಾಗುವುದು ಈ ಕ್ಷೇತ್ರದವರಿಗೆ ಬಹು ಹಿಂದಿನಿಂದಲೇ ಗೊತ್ತಿರುವ ಸಂಗತಿ. ಒಣ ಊರಿನಲ್ಲಿ ವರ್ಷಗಟ್ಟಲೆ ತೆಗೆದುಕೊಳ್ಳುವುದನ್ನು ನಮ್ಮ ಮಳೆ ಮೂರು ದಿನದಲ್ಲಿ ಮಾಡಿ ಮುಗಿಸಿತ್ತು.

ಸಂವೇದಕದ ಮೇಲೆ ರಕ್ಷಣೆಯ ವಾರ್ನಿಷ್ ಅಚ್ಚು ಹಾಕಿ ನೋಡಿದೆವು. ವಾರ್ನಿಷ್ ಪದರದಲ್ಲಿ ಸೂಜಿಮೊನೆಯಷ್ಟು ರಂಧ್ರ ಉಳಿದರೂ ಸಾಕು, ನೀರು ಅಲ್ಲಿಂದಲೇ ಇಳಿಯುತ್ತದೆ. ಒಂದು ಸಂಜೆ ವೈದ್ಯರೊಬ್ಬರ ಮನೆಯ ಅಕ್ರಿಲಿಕ್ ನಾಮಫಲಕಕ್ಕೆ ಅಚ್ಚು ಹಾಕುತ್ತಿದ್ದೆ. ಪಾರದರ್ಶಕ ಫಲಕಕ್ಕೆ ನಾವು ಹಿಂಬದಿಯಿಂದ ಅಕ್ಷರ ಬರೆಯುತ್ತೇವೆ, ಮಳೆ ಬಿಸಿಲು ತಾಗುವುದು ಮುಂಬದಿಗೆ ಮಾತ್ರ. ಬೆಳ್ಳಿಯನ್ನೂ ಹೀಗೆಯೇ ಹಿಂಬದಿಗೆ ಹಾಕಿದರೆ? ಅಕ್ಕನ ಮಗಳಿಗೆ ಫೋನ್ ಮಾಡಿ ಕೇಳಿದೆ. ಅವಳು ಒಂದು ಕ್ಷಣ ಸುಮ್ಮನಿದ್ದು, "ಆಗ ರೋಧ ಅಳೆಯಲಾಗುವುದಿಲ್ಲ ಮಾವ, ಧಾರಕತೆ ಅಳೆಯಬೇಕು. ಅದು ಇನ್ನೂ ಒಳ್ಳೆಯದು" ಎಂದಳು. ಧಾರಕತೆ ಎಂದರೆ ಎರಡು ಗೆರೆಗಳು ತಮ್ಮ ನಡುವೆ ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ; ಅದನ್ನು ಅಳೆಯಲು ನೀರು ಬೆಳ್ಳಿಯನ್ನು ಮುಟ್ಟಬೇಕಾಗಿಯೇ ಇಲ್ಲ. ಗಾಳಿಗಿಂತ ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ, ಅಂದರೆ ಧಾರಕತೆಯನ್ನು ಹೆಚ್ಚಿಸುವ ಗುಣ, ಸುಮಾರು 80 ಪಟ್ಟು. ಪ್ಲಾಸ್ಟಿಕ್ಕಿನದು ಮೂರರ ಆಸುಪಾಸು. ಮುಂಬದಿಯಲ್ಲಿ ನೀರು ಕುಳಿತರೆ ಹಾಳೆಯ ಮೂಲಕವೇ ಗೆರೆಗಳಿಗೆ ಅದು ತಿಳಿಯುತ್ತದೆ. ಹಾಳೆ ತೆಳುವಾಗಿದ್ದಷ್ಟೂ ಚೆನ್ನ. ನಾವು 100 ಮೈಕ್ರಾನಿನದು ಬಳಸಿದೆವು. ಒಣಗಿದ್ದಾಗ ಧಾರಕತೆ 50 ಪಿಕೊಫ್ಯಾರಡ್ ಹತ್ತಿರ, ನೆನೆದಾಗ ಅದರ ಎರಡು ಪಟ್ಟು. ಅಳೆಯುವ ವೋಲ್ಟೇಜ್ ದಿಕ್ಕು ಬದಲಿಸುತ್ತಲೇ ಇರುವುದರಿಂದ ಜರಿಗಿಡಕ್ಕೆ ಬೇರೂರಲು ಅವಕಾಶವೂ ಕಡಿಮೆ.

ಹಿಂಬದಿಗೆ ಎರಡು ಸಲ ವಾರ್ನಿಷ್ ಹಾಕಿದೆ, ಮೊದಲನೆಯದರ ರಂಧ್ರದ ಮೇಲೆ ಎರಡನೆಯದರ ರಂಧ್ರ ಬೀಳುವ ಸಂಭವ ತೀರ ಕಡಿಮೆ. ವಯರಿಗೆ ಸಿಕ್ಕಿಸುವ ಬಾಲದ ತುದಿಯಲ್ಲಿ ಬೆಳ್ಳಿಯ ಮೇಲೆ ಇಂಗಾಲದ ಶಾಯಿ ಬಂತು. ಇಂಗಾಲಕ್ಕೆ ರೋಧ ಹೆಚ್ಚು, ಆದರೆ ಅದು ಕಪ್ಪಾಗಿ ಕೆಡುವುದಿಲ್ಲ, ಸವೆಯುವುದೂ ಕಡಿಮೆ. ಬಾಲವನ್ನು ಮಡಚಬಾರದು, ಬಳುಕಿಸಬಹುದು. ಚೂಪಾಗಿ ಮಡಚಿದರೆ ಚಕ್ಕೆಗಳ ಕೈ ಬಿಟ್ಟುಹೋಗುತ್ತದೆ.

ಇದೇ ಜಾಡಿನ ಕೆಲಸ ನಮ್ಮ ಸುತ್ತಲೇ ಇದೆ ಎಂದು ಆಮೇಲೆ ಗಮನಿಸತೊಡಗಿದೆ. ಚಾವಣಿಯ ಸೌರ ಫಲಕದ ಸಣ್ಣ ಬೆಳ್ಳಿ ಗೆರೆಗಳು ಸ್ಕ್ರೀನ್ ಪ್ರಿಂಟಿಂಗಿನವೇ. ಸಕ್ಕರೆ ಕಾಯಿಲೆಯವರು ರಕ್ತದ ಹನಿ ಇಡುವ ಪಟ್ಟಿಗಳಲ್ಲೂ ಇಂಗಾಲದ ಅಚ್ಚು ಇರುವುದುಂಟು. ಪ್ಲಾಸ್ಟಿಕ್ಕೇ ವಿದ್ಯುತ್ ಹರಿಸಬಲ್ಲದು ಎಂದು ತೋರಿಸಿದ ಹೀಗರ್, ಮ್ಯಾಕ್‌ಡೈರ್ಮಿಡ್, ಶಿರಾಕಾವಾ ಅವರಿಗೆ 2000ದಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಂದಿತು. ನಮ್ಮ ದೇಶದಲ್ಲೂ ಕಾನ್ಪುರದ ಐಐಟಿಯಲ್ಲಿ ಬಳುಕುವ ಎಲೆಕ್ಟ್ರಾನಿಕ್ಸ್‌ಗೆಂದೇ ರಾಷ್ಟ್ರೀಯ ಕೇಂದ್ರವಿದೆ. ನಾನು ಕಾಯುತ್ತಿರುವುದು ತಾಮ್ರದ ಶಾಯಿಗೆ. ಬೆಳ್ಳಿಗಿಂತ ಎಷ್ಟೋ ಅಗ್ಗ, ಆದರೆ ಓವನ್ನಿನ ಬಿಸಿಗಾಳಿಯಲ್ಲೇ ಆಕ್ಸೈಡಾಗಿ ಕೆಡುತ್ತದೆ. ಪ್ರಖರ ಬೆಳಕನ್ನು ಕಣ್ಣು ಮಿಟುಕುವುದರೊಳಗೆ ಹಾಯಿಸಿ ಕೆಡುವ ಮೊದಲೇ ಬೆಸೆಯುವ ಯಂತ್ರಗಳು ಬಂದಿವೆ, ಸಣ್ಣ ಅಂಗಡಿಯವನ ಕೈಗೆ ಎಟುಕುವ ಬೆಲೆಗೆ ಅಲ್ಲ. ಅದು ಎಟುಕಿದ ದಿನ ಕರೆಯೋಲೆಯ ಕೆಲಸ ಕಡಿಮೆಯಾಗಿ ಕುಳಿತಿರುವ ಎಷ್ಟೋ ಅಚ್ಚಿನವರಿಗೆ ಹೊಸ ದಾರಿಯಾಗುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಮೆಶ್ ಬಿಗಿಯುವ, ಶಾಯಿ ಎಳೆಯುವ ಸ್ಕ್ವೀಜಿಯ ಒತ್ತಡ ಅರಿಯುವ ಕೈ ಅವರಲ್ಲಿದೆ.

ಹಿಂಬದಿಯ ಸಂವೇದಕಗಳು ಮರುವರ್ಷದ ಆಟಿ ತಿಂಗಳು, ಅಂದರೆ ತುಳುನಾಡಿನ ಭಾರಿ ಮಳೆಯ ತಿಂಗಳು, ಪೂರ್ತಿ ನಿಂತವು. ಒಂದು ಕೊರತೆ ಕಂಡಿತು: ಹಾಳೆ ತೀರ ನುಣುಪಾಗಿದ್ದರಿಂದ ಹನಿ ಜಾರಿಬಿದ್ದು, ಗೊನೆ ಇನ್ನೂ ಒದ್ದೆಯಿದ್ದಾಗಲೇ ಒಣಗಿದೆ ಎನ್ನುತ್ತಿತ್ತು. ಸ್ಟಿಕ್ಕರಿಗೆ ಬಳಸುವ ಮ್ಯಾಟ್ ವಾರ್ನಿಷನ್ನು ಮುಂಬದಿಗೆ ಒಂದು ಎಳೆತ ಎಳೆದ ಮೇಲೆ ನೀರು ಹರಡಿ ನಿಲ್ಲತೊಡಗಿತು. ಮದ್ದು ಬಿಟ್ಟ ಮರುದಿನ ಮಾತ್ರ ಅಂಕಿ ಮೇಲಕ್ಕೇ ಉಳಿಯುತ್ತಿತ್ತು. ಹೋಗಿ ನೋಡಿದರೆ ಹಾಳೆಯ ತುಂಬ ಸುಣ್ಣ ಮೈಲುತುತ್ತದ ತಿಳಿನೀಲಿ ಪೊರೆ. ಭಾವ ಈಗ ದೋಟಿಯವರು ಬರುವ ಮೊದಲು ಪ್ರತಿ ಸಂವೇದಕಕ್ಕೂ ಹಾಲಿನ ಖಾಲಿ ಪ್ಯಾಕೆಟ್ ತೊಡಿಸುತ್ತಾರೆ, ಕೆಲಸ ಮುಗಿದ ಮೇಲೆ ತಾವೇ ಒಂದೊಂದನ್ನೂ ತೆಗೆದು, ಎಣಿಸಿ ಜೇಬಿಗೆ ಹಾಕಿಕೊಳ್ಳುತ್ತಾರೆ.