ಗೋಧಿ ಬಿಟ್ಟ ಮೇಲೂ ಸುಸ್ತು ಹೋಗದಿದ್ದಾಗ: ಸೀಲಿಯಾಕ್ ಜೊತೆ ನನ್ನ ಅನುಭವ

ಸೀಲಿಯಾಕ್, ಅಂದ್ರೆ ಗೋಧಿಲಿರೋ ಗ್ಲುಟನ್ ಅನ್ನೋ ಪ್ರೋಟೀನ್‌ನಿಂದ ಸಣ್ಣ ಕರುಳು ಹಾಳಾಗೋ ಕಾಯಿಲೆ, ಇದೆ ಅಂತ ರಿಪೋರ್ಟ್ ಬಂದು, ಗೋಧಿ ಮೈದಾ ರವೆ ಎಲ್ಲಾ ಬಿಟ್ಟು ಎರಡು ಮೂರು ತಿಂಗಳಾದ್ರೂ ಮೈ ಸುಧಾರಿಸ್ತಿಲ್ಲ, ಮೆಟ್ಟಿಲು ಹತ್ತಿದ್ರೆ ಇನ್ನೂ ಏದುಸಿರು ಬರುತ್ತೆ, ಕೂದಲು ಉದುರ್ತಾನೇ ಇದೆ, ಈ ಪಥ್ಯ ನನಗೆ ಹಿಡೀತಿಲ್ವೇನೋ ಅಂತ ಅನುಮಾನ ಬಂದಿರೋರಿಗೆ ಇದನ್ನ ಬರೀತಿದೀನಿ. ಸಾಮಾನ್ಯವಾಗಿ ಹಿಡೀತಾನೇ ಇರುತ್ತೆ. ಆದ್ರೆ ಎಲ್ಲಾ ಒಟ್ಟಿಗೆ ಸರಿಹೋಗಲ್ಲ. ನನಗೆ ಮೊದಲು ಹೊಟ್ಟೆ ಸರಿಹೋಯ್ತು, ಆಮೇಲೆ ರಕ್ತ, ಅದಾಗಿ ಎಷ್ಟೋ ಕಾಲಕ್ಕೆ ಸುಸ್ತು, ಮೂಳೆ ವಿಷಯ ಇನ್ನೂ ನಡೀತಾ ಇದೆ. ಹೀಗೆ ಒಂದರ ಹಿಂದೆ ಒಂದು ಬರುತ್ತೆ ಅಂತ ಮೊದಲೇ ಯಾರಾದ್ರೂ ಹೇಳಿದ್ದಿದ್ರೆ ಮೊದಲ ವರ್ಷ ನಾನು ಅಷ್ಟು ಹೆದರ್ತಿರ್ಲಿಲ್ಲ.

ನಾನು ಶಿವಮೊಗ್ಗ ಕಡೆಯವಳು, ಬೆಳಿಗ್ಗೆ ದೋಸೆ ಇಲ್ಲಾ ಅಕ್ಕಿ ರೊಟ್ಟಿ, ಮಧ್ಯಾಹ್ನ ರಾತ್ರಿ ಅನ್ನ ತಿಂದು ಬೆಳೆದೋಳು. ಮದುವೆಯಾಗಿ ದೆಹಲಿ ಪಕ್ಕದ ಗುರುಗ್ರಾಮಕ್ಕೆ ಬಂದ ಮೇಲೆ ಎರಡೂ ಹೊತ್ತು ಚಪಾತಿ, ಬೆಳಿಗ್ಗೆ ಬ್ರೆಡ್ಡು ಇಲ್ಲಾ ಪರಾಠ. ಅದಕ್ಕೇ ಕಾಯಿಲೆ ಬಂತು ಅಂತ ನಾನು ಹೇಳಲ್ಲ, ಹಾಗೆ ಹೇಳೋಕೆ ಬರೋದೂ ಇಲ್ಲ. ಆದ್ರೆ 2016ರಲ್ಲಿ ಬಂದ ಒಂದು ದೊಡ್ಡ ಸ್ಟಡಿಲಿ ಉತ್ತರ ಭಾರತದ ದೊಡ್ಡವರಲ್ಲಿ ಸಾವಿರಕ್ಕೆ ಎಂಟೊಂಬತ್ತು ಜನಕ್ಕೆ ಸೀಲಿಯಾಕ್ ಇತ್ತು, ದಕ್ಷಿಣದಲ್ಲಿ ಹತ್ತು ಸಾವಿರಕ್ಕೆ ಒಬ್ಬರಷ್ಟು, ಇದು ಬರೋಕೆ ಬೇಕಾದ ಜೀನ್ ಮಾತ್ರ ಎರಡೂ ಕಡೆ ಸುಮಾರು ಮೂರರಲ್ಲಿ ಒಬ್ಬರಿಗಿತ್ತು. ದೊಡ್ಡ ವ್ಯತ್ಯಾಸ ಕಂಡಿದ್ದು ದಿನಾ ತಿನ್ನೋ ಗೋಧಿ ಲೆಕ್ಕದಲ್ಲಿ. ಅದಕ್ಕೇ ನಮ್ಮ ಕಡೆ ಇದು ಬೇಗ ಯಾರಿಗೂ ತಲೆಗೆ ಹೊಳೆಯಲ್ಲ. ನನಗೆ ಹಿಮೋಗ್ಲೋಬಿನ್ ವರ್ಷಗಟ್ಟಲೆ ಎಂಟರ ಆಸುಪಾಸಲ್ಲೇ ಇತ್ತು, ಐರನ್ ಮಾತ್ರೆ ಎಷ್ಟು ನುಂಗಿದ್ರೂ ಏರ್ತಿರ್ಲಿಲ್ಲ, ಊರಿಗೆ ಹೋದಾಗ ತೋರಿಸಿದ್ರೆ ಮುಟ್ಟಿನಲ್ಲಿ ಜಾಸ್ತಿ ಹೋಗ್ತಿರಬೇಕು, ಸೊಪ್ಪು ತಿನ್ನಿ ಅಂತ ಕಳಿಸೋರು. ಹೊಟ್ಟೆ ಉಬ್ಬರಕ್ಕೆ ಗ್ಯಾಸ್ಟ್ರಿಕ್ ಅಂತ ಹೆಸರಿಟ್ಟು ಎಲ್ಲರ ಮನೇಲೂ ಇರೋ ಆ ಮಾತ್ರೆ.

ಗುರುಗ್ರಾಮದ ಡಾಕ್ಟ್ರು ಫೆರಿಟಿನ್, ಅಂದ್ರೆ ಮೈಲಿರೋ ಐರನ್ ಸ್ಟಾಕ್, ಬರೀ 4 ಅಂತ ನೋಡಿದ ತಕ್ಷಣ ಟಿಟಿಜಿ ಅಂತ ಸೀಲಿಯಾಕ್ ಪತ್ತೆ ಮಾಡೋ ರಕ್ತದ ಟೆಸ್ಟ್ ಬರೆದ್ರು. ಲಿಮಿಟ್‌ಗಿಂತ ಹತ್ತು ಪಟ್ಟಿಗೂ ಮೇಲಿತ್ತು. ಆಮೇಲೆ ಎಂಡೋಸ್ಕೋಪಿ, ಸಣ್ಣ ಕರುಳಿನ ಶುರುವಿನ ಭಾಗದಿಂದ ಚೂರುಗಳನ್ನ ತೆಗೆದು ನೋಡಿದ್ರು, ಮಾರ್ಷ್ 3ಬಿ ಅಂತ ಬಂತು, ಅಂದ್ರೆ ಕರುಳು ಸಾಕಷ್ಟು ಹಾಳಾಗಿದೆ ಅಂತ. ಇಲ್ಲೊಂದು ಮಾತು, ಅನುಮಾನ ಇರೋರು ಟೆಸ್ಟ್ ಮಾಡಿಸೋಕೆ ಮೊದಲೇ ಗೋಧಿ ಬಿಡಬೇಡಿ, ಬಿಟ್ರೆ ರಕ್ತದ ಟೆಸ್ಟೂ ಬಯಾಪ್ಸಿನೂ ನಾರ್ಮಲ್ ತೋರಿಸಬಹುದು, ಆಮೇಲೆ ಇದೆಯೋ ಇಲ್ವೋ ಅಂತ ಗೊತ್ತು ಮಾಡ್ಕೊಳ್ಳೋಕೆ ಮತ್ತೆ ಗೋಧಿ ತಿಂದು ನರಳಬೇಕಾಗುತ್ತೆ.

ನಮ್ಮ ಕರುಳಿನ ಒಳಗೋಡೆ ತುಂಬಾ ವಿಲೈ ಅಂತ ಸಣ್ಣ ಸಣ್ಣ ಎಳೆ ಇರ್ತವೆ, ತಿಂದಿದ್ದರ ಸತ್ವ ಹೀರೋದು ಅವೇ. ಗ್ಲುಟನ್ ಹೋದಾಗೆಲ್ಲ ನಮ್ಮ ದೇಹ ತನ್ನ ಕರುಳಿನ ಮೇಲೇ ಯುದ್ಧಕ್ಕೆ ನಿಂತು ಆ ಎಳೆಗಳು ಸವೆದುಹೋಗ್ತವೆ, ದನ ನುಗ್ಗಿ ಬುಡಮಟ್ಟ ಮೇಯ್ದ ಗದ್ದೆ ಹಾಗಾಗಿರುತ್ತೆ ಒಳಗೆ. ದನ ಹೊರಗೆ ಅಟ್ಟಿದ ತಕ್ಷಣ ಪೈರು ಎದ್ದು ನಿಲ್ಲಲ್ವಲ್ಲ, ಅಷ್ಟೇ ಇದೂ. ಮಕ್ಕಳಲ್ಲಿ ಬೇಗ ವಾಸಿಯಾಗುತ್ತೆ. ದೊಡ್ಡವರಲ್ಲಿ ನಿಧಾನ, ಅಮೆರಿಕದ ಮೇಯೋ ಕ್ಲಿನಿಕ್‌ನವರು 2010ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಎರಡು ವರ್ಷಕ್ಕೆ ಕರುಳು ಪೂರ್ತಿ ವಾಸಿಯಾಗಿದ್ದು ನೂರಕ್ಕೆ 34 ಜನಕ್ಕೆ, ಐದು ವರ್ಷಕ್ಕೆ 66 ಜನಕ್ಕೆ. ಈ ನಂಬರ್ ನೋಡಿ ಮೊದಲು ಅತ್ತುಬಿಟ್ಟೆ, ಆಮೇಲೆ ಯೋಚನೆ ಮಾಡಿದ್ರೆ ಅದೇ ಧೈರ್ಯ ಕೊಡ್ತು, ಎರಡು ತಿಂಗಳಿಗೆ ಸರಿಹೋಗಿಲ್ಲ ಅಂದ್ರೆ ನನ್ನದು ವಿಚಿತ್ರ ಕೇಸೇನಲ್ಲ ಅಂತ.

ಉಬ್ಬರ, ಭೇದಿ ಕೆಲವೇ ವಾರಕ್ಕೆ ಕಮ್ಮಿಯಾಯ್ತು. ಆದ್ರೆ ಹಾಲು ಕುಡಿದ್ರೆ ಹೊಟ್ಟೆ ಗುಡುಗುಡು, ಗೋಧಿ ಬಿಟ್ರೂ ಹೀಗಾಗ್ತಿದೆಯಲ್ಲ ಅಂತ ಗಾಬರಿ. ಡಾಕ್ಟ್ರು ಹೇಳಿದ್ದು, ಹಾಲಿನ ಸಕ್ಕರೆ ಜೀರ್ಣ ಮಾಡೋ ಲ್ಯಾಕ್ಟೇಸ್ ತಯಾರಾಗೋದು ಆ ಎಳೆಗಳ ತುದೀಲಿ, ಎಳೆನೇ ಇಲ್ಲದಿದ್ರೆ ಅದೆಲ್ಲಿಂದ ಬರಬೇಕು, ಕರುಳು ವಾಸಿಯಾದ ಹಾಗೆ ಇದೂ ಸಾಮಾನ್ಯವಾಗಿ ಸರಿಹೋಗುತ್ತೆ ಅಂತ. ಹಾಲು ನಿಲ್ಲಿಸಿದೆ, ಬೆಳಗಿನ ಕಾಫಿ ಬಿಡೋದು ನಿಜವಾಗ್ಲೂ ಕಷ್ಟ ಆಯ್ತು. ಮೊಸರು ಮಜ್ಜಿಗೆ ಹಿಡಿಸ್ತಿತ್ತು. ವರ್ಷದ ಕೊನೆ ಹೊತ್ತಿಗೆ ಕಾಲು ಲೋಟದಿಂದ ಶುರು ಮಾಡಿ ಕಾಫಿ ವಾಪಸ್ ಬಂತು.

ರಕ್ತದ ಕಥೆ ಬೇರೆ. ಐರನ್ ಹೀರಿಕೊಳ್ಳೋದು ಮುಖ್ಯವಾಗಿ ಸಣ್ಣ ಕರುಳಿನ ಮೊದಲ ಭಾಗದಲ್ಲಿ, ಸೀಲಿಯಾಕ್ ಜಾಸ್ತಿ ಹಾಳು ಮಾಡೋದೂ ಅಲ್ಲೇ, ಅದಕ್ಕೇ ಅಷ್ಟು ವರ್ಷ ಮಾತ್ರೆ ಕೆಲಸ ಮಾಡಿರ್ಲಿಲ್ಲ. ನನಗೆ ಐರನ್ ಡ್ರಿಪ್ ಹಾಕಿದ್ರು, ಹಿಮೋಗ್ಲೋಬಿನ್ ಹನ್ನೊಂದು ದಾಟ್ತು. ಜೊತೆಗೆ ವಿಟಮಿನ್ ಡಿ, ಬಿ12, ಫೋಲಿಕ್ ಆಸಿಡ್ ಎಲ್ಲಾ ತಳಕ್ಕಿಳಿದಿತ್ತು, ಥೈರಾಯ್ಡೂ ನೋಡಿದ್ರು, ಯಾಕಂದ್ರೆ ಸೀಲಿಯಾಕ್ ಇರೋರಲ್ಲಿ ಥೈರಾಯ್ಡ್ ತೊಂದರೆ ಬೇರೆಯವರಿಗಿಂತ ಜಾಸ್ತಿ. ಹಿಮೋಗ್ಲೋಬಿನ್ ಏರಿದ ಮೇಲೆ ಎಲ್ಲರೂ ಈಗ ಆರಾಮಲ್ವಾ ಅಂತ ಕೇಳೋರು, ನನಗೆ ಮಾತ್ರ ಮಧ್ಯಾಹ್ನ ಮೂರು ಗಂಟೆಗೆ ಕಣ್ಣು ತಾನಾಗೇ ಮುಚ್ಚಿಕೊಳ್ಳೋದು, ಮೀಟಿಂಗ್‌ನಲ್ಲಿ ಹೇಳಬೇಕಾದ ಪದ ನೆನಪಿಗೇ ಬರ್ತಿರ್ಲಿಲ್ಲ. ಹಿಮೋಗ್ಲೋಬಿನ್ ಸರಿಹೋದ್ರೂ ಫೆರಿಟಿನ್ ಅಂದ್ರೆ ಸ್ಟಾಕ್ ತುಂಬಿದೆಯಾ ಅಂತ ಬೇರೆ ನೋಡಿಸಬೇಕು, ದಯವಿಟ್ಟು ಕೇಳಿ ಮಾಡಿಸ್ಕೊಳ್ಳಿ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಟಿಟಿಜಿ ಮೊದಲು ಚೆನ್ನಾಗಿ ಇಳೀತು, ಆಮೇಲೆ ಲಿಮಿಟ್‌ನ ಮೂರು ಪಟ್ಟಲ್ಲಿ ಬಂದು ಕೂತ್ಕೊಂಡ್ತು, ಇಳಿಯೋದೇ ನಿಂತುಹೋಯ್ತು. ಡಯಟೀಷಿಯನ್ ಪಂಜಾಬಿನವರು, ಇಡ್ಲಿ ದೋಸೆ ಅನ್ನ ತಿನ್ನೋ ನಿಮಗೆ ಸುಲಭ ಅಂತ ಮೊದಲು ಅಂದಿದ್ರು. ಈ ಸಲ ಹಾಗನ್ಲಿಲ್ಲ, ಒಂದು ವಾರ ತಿಂದಿದ್ದೆಲ್ಲ ಒಗ್ಗರಣೆ ಸಮೇತ ಬರ್ಕೊಂಡು ಬನ್ನಿ, ಅಡುಗೆಮನೆ ಡಬ್ಬಗಳ ಫೋಟೋನೂ ತನ್ನಿ ಅಂದ್ರು. ಹಿಂಗಿನ ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿತ್ತು ಗೋಧಿ ಹಿಟ್ಟು. ಅಂಗಡೀಲಿ ಸಿಗೋ ಪುಡಿ ಹಿಂಗು ಬರೀ ಹಿಂಗಲ್ಲ, ಅದನ್ನ ಗೋಂದು ಮತ್ತೆ ಹಿಟ್ಟಿನ ಜೊತೆ ಬೆರೆಸಿರ್ತಾರೆ, ಬಹಳ ಸಲ ಆ ಹಿಟ್ಟು ಗೋಧೀದೇ ಇಲ್ಲಾ ಮೈದಾನೇ. ಸಾರು, ಹುಳಿ, ಚಿತ್ರಾನ್ನ, ಮಜ್ಜಿಗೆ, ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಸಾರಿನಪುಡಿ, ಹಿಂಗಿಲ್ಲದ ದಿನ ನಮ್ಮ ಮನೇಲಿ ಯಾವುದಿದೆ ಹೇಳಿ. ಅಕ್ಕಿ ಹಿಟ್ಟು ಬೆರೆಸಿ ಗ್ಲುಟನ್ ಫ್ರೀ ಅಂತ ಬರೆದಿರೋ ಹಿಂಗು ಸಿಗುತ್ತೆ, ಅದನ್ನ ತಂದೆ. ಸಾರಿನಪುಡಿ ಅಮ್ಮ ಊರಲ್ಲಿ ಆ ಹಿಂಗು ಹಾಕೇ ಮಾಡಿ ಕಳಿಸ್ತಾರೆ.

ಎರಡನೇದು ಗಿರಣಿ. ರಾಗಿ, ಜೋಳ, ಅಕ್ಕಿಲಿ ಗ್ಲುಟನ್ ಇಲ್ಲ, ನಿಜ. ಆದ್ರೆ ಗಿರಣಿಯವನು ನಿಮ್ಮ ರಾಗಿ ಹಾಕೋ ಮೊದಲು ಗೋಧಿ ಬೀಸಿರ್ತಾನೆ, ಕಲ್ಲಲ್ಲಿ, ಗಾಳೀಲಿ, ಹಿಟ್ಟು ಬೀಳೋ ಬಟ್ಟೇಲಿ ಎಲ್ಲಾ ಗೋಧಿ ಹಿಟ್ಟೇ. ಇಲ್ಲಿ ನವರಾತ್ರಿ ಉಪವಾಸಕ್ಕೆ ಕುಟ್ಟು (ಬಕ್‌ವೀಟ್), ಸಿಂಘಾಡಾ (ನೀರಲ್ಲಿ ಬೆಳೆಯೋ ಒಂದು ಕಾಯಿ) ಹಿಟ್ಟು ರಾಶಿ ರಾಶಿ ಬರುತ್ತೆ, ಎರಡೂ ಗೋಧಿ ಅಲ್ಲ, ನಮಗೆ ಆಗುತ್ತೆ, ಆದ್ರೆ ಬಿಡಿಯಾಗಿ ಮಾರೋದಕ್ಕೆ ಇದೇ ತೊಂದರೆ. ನಾವು ಮನೆಗೇ ಒಂದು ಸಣ್ಣ ಹಿಟ್ಟಿನ ಮೆಷಿನ್ ತಗೊಂಡ್ವಿ. ದುಡ್ಡು ಜಾಸ್ತಿನೇ ಆಯ್ತು, ಆದ್ರೆ ಈ ಕಾಯಿಲೆಗೆ ನಾನು ಮಾಡಿದ ಖರ್ಚಲ್ಲೆಲ್ಲ ಒಳ್ಳೇ ಖರ್ಚು ಅದೇ. ರಾಗಿ, ಜೋಳ ತಂದು ಆರಿಸಿ, ತೊಳೆದು, ಒಣಗಿಸಿ ಬೀಸ್ತೀನಿ, ಕಾಳಿನ ಜೊತೆ ಒಂದೊಂದು ಗೋಧಿ ಕಾಳೂ ಸಿಗ್ತವೆ, ಆರಿಸದೇ ಇರಬೇಡಿ. ಜರಡಿ, ಲಟ್ಟಣಿಗೆ, ಮಣೆ, ಮರದ ಸೌಟು ಬೇರೆ ಇಟ್ಟೆ, ಪೂರಿ ಕರಿದ ಎಣ್ಣೇಲಿ ನನ್ನ ಹಪ್ಪಳ ಕರೀತಿರ್ಲಿಲ್ಲ. ಆಮೇಲೆ ನಮ್ಮೆಜಮಾನ್ರು ತಾವಾಗೇ ಚಪಾತಿ ಆಫೀಸ್ ಕ್ಯಾಂಟೀನ್‌ಗೆ ಮೀಸಲಿಟ್ರು, ಮನೇಲಿ ಗೋಧಿ ಹಿಟ್ಟೇ ಈಗಿಲ್ಲ.

ಇಷ್ಟು ಕಟ್ಟುನಿಟ್ಟು ಬೇಕಾ ಅಂದ್ರೆ, ಬೇಕು. 2007ರಲ್ಲಿ ಇಟಲಿಯವರು ಪ್ರಕಟಿಸಿದ ಪ್ರಯೋಗದಲ್ಲಿ ದಿನಕ್ಕೆ 50 ಮಿಲಿಗ್ರಾಂ ಗ್ಲುಟನ್ ಮೂರು ತಿಂಗಳು ಕೊಟ್ಟಿದ್ದಕ್ಕೇ ಕರುಳು ಹಾಳಾಗಿತ್ತು. ಒಂದು ಸ್ಲೈಸ್ ಬ್ರೆಡ್ಡಲ್ಲಿ ಸುಮಾರು ಎರಡು ಗ್ರಾಂ ಇರುತ್ತೆ ಅಂತ ಇಟ್ಕೊಂಡ್ರೂ ಅದರ ನಲವತ್ತನೇ ಒಂದು ಭಾಗ ಅಷ್ಟೇ ಇದು. ನಮ್ಮ ದೇಶದಲ್ಲಿ ಗ್ಲುಟನ್ ಫ್ರೀ ಅಂತ ಲೇಬಲ್ ಹಾಕಬೇಕಾದ್ರೆ ಕೆಜಿಗೆ 20 ಮಿಲಿಗ್ರಾಂಗಿಂತ ಜಾಸ್ತಿ ಇರೋ ಹಾಗಿಲ್ಲ.

ಇದನ್ನ ಮನೆಯವರಿಗೆ ಹೇಳೋದು ಟೆಸ್ಟ್‌ಗಳಿಗಿಂತ ಕಷ್ಟ. ಊರಲ್ಲಿ ಸತ್ಯನಾರಾಯಣ ಪೂಜೆ, ಪ್ರಸಾದ ಅಂದ್ರೆ ರವೆ ಸಪಾದಭಕ್ಷ್ಯ. ಅತ್ತೆ ಕೈಲಿ ಹಿಡ್ಕೊಂಡು ಬಂದು, "ಒಂದು ಚಿಟಿಕೆಗೆ ಏನಾಗುತ್ತೆ ಕಣಮ್ಮ, ಪ್ರಸಾದ ಬೇಡ ಅನ್ಬಾರ್ದು" ಅಂದ್ರು. ಅವರಿಗೆ ನನ್ನ ಮೇಲೆ ಪ್ರೀತಿ ಕಮ್ಮಿ ಅಂತಲ್ಲ, ಚಿಟಿಕೆ ಅನ್ನೋದು ಅವರ ಪ್ರಕಾರ ಏನೂ ಅಲ್ಲ. ಕಣ್ಣಿಗೊತ್ತಿಕೊಂಡು ಯಜಮಾನ್ರಿಗೆ ಕೊಟ್ಟೆ. ಮುಂದಿನ ಸಲ ಅವರು ಗುರುಗ್ರಾಮಕ್ಕೆ ಬಂದಾಗ, "ಅತ್ತೆ, ನೀವೂ ಬನ್ನಿ ಡಾಕ್ಟ್ರ ಹತ್ರ" ಅಂತ ಕರ್ಕೊಂಡು ಹೋದೆ. ಡಾಕ್ಟ್ರು ನನ್ನ ಬಯಾಪ್ಸಿ ಚಿತ್ರ, ಪಕ್ಕದಲ್ಲಿ ಒಳ್ಳೇ ಕರುಳಿನ ಚಿತ್ರ ಇಟ್ಟು ತೋರಿಸಿದ್ರು. ಆ ವರ್ಷದ ಪೂಜೆಗೆ ಅತ್ತೆ ಅಕ್ಕಿ ತರಿ ಹುರಿದು ತುಪ್ಪ ಬಾಳೆಹಣ್ಣು ಹಾಕಿ ಎಲ್ಲರಿಗೂ ಅದನ್ನೇ ಪ್ರಸಾದ ಮಾಡಿದ್ರು. ಈಗ ನೆಂಟರ ಮನೇಲಿ ಕೋಡುಬಳೆ, ನಿಪ್ಪಟ್ಟು ಕೊಟ್ರೆ ಮೈದಾ ಹಾಕಿದೀರಾ, ಚಿರೋಟಿ ರವೆ ಹಾಕಿದೀರಾ ಅಂತ ನನಗಿಂತ ಮೊದಲು ಅವರೇ ಕೇಳ್ತಾರೆ.

ದಿನಾ ತಿನ್ನೋದು ಅಂದ್ರೆ ರಾಗಿ ಮುದ್ದೆ, ಜೋಳದ ರೊಟ್ಟಿ, ಅಕ್ಕಿ ರೊಟ್ಟಿ, ನವಣೆ ಉಪ್ಪಿಟ್ಟು, ಕಾಳು ಸೊಪ್ಪು, ಮೊಟ್ಟೆ. ಶುರೂಲಿ ಗ್ಲುಟನ್ ಫ್ರೀ ಬಿಸ್ಕತ್ತು, ಬ್ರೆಡ್ಡು ತಂದ್ವಿ, ಬೆಲೆ ಜಾಸ್ತಿ, ಪಿಷ್ಟನೇ ಜಾಸ್ತಿ, ನಾರು ಕಮ್ಮಿ, ಮಲಬದ್ಧತೆ ಶುರುವಾಯ್ತು. ರಾಗಿಲಿ 100 ಗ್ರಾಂಗೆ 340 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಹಾಲು ಬಿಟ್ಟ ಕಾಲದಲ್ಲಿ ನನಗೆ ಅದೇ ಆಸರೆ. ಐರನ್‌ಗೋಸ್ಕರ ಊಟದ ಜೊತೆ ಟೀ ಕಾಫಿ ನಿಲ್ಲಿಸಿ ನಿಂಬೆಹಣ್ಣು ಹಿಂಡ್ಕೊಳ್ಳೋ ಅಭ್ಯಾಸ ಮಾಡಿದೆ.

ಹಿಂಗು, ಹಿಟ್ಟು ಎರಡೂ ಬದಲಾದ ಮೇಲೆ ಟಿಟಿಜಿ ಮತ್ತೆ ಇಳಿಯೋಕೆ ಶುರುವಾಗಿ ಎರಡನೇ ವರ್ಷ ಕಳೆಯೋ ಹೊತ್ತಿಗೆ ನಾರ್ಮಲ್ ಆಯ್ತು. ಟಿಟಿಜಿ ನಾರ್ಮಲ್ ಅಂದ್ರೆ ಕರುಳು ಪೂರ್ತಿ ವಾಸಿ ಅಂತ ಗ್ಯಾರಂಟಿ ಇಲ್ಲ, ಅದಕ್ಕೇ ಡಾಕ್ಟ್ರ ಜೊತೆ ಮಾತಾಡಿ ಇನ್ನೊಂದು ಎಂಡೋಸ್ಕೋಪಿ ಮಾಡಿಸಿದೆ, ಮಾರ್ಷ್ 1 ಬಂತು, ಎಳೆಗಳು ಎದ್ದಿವೆ, ಸ್ವಲ್ಪ ಉರಿಯೂತ ಉಳಿದಿದೆ. ಸುಸ್ತು ಹೋಗಿದ್ದು ಇಂಥ ದಿನ ಅಂತ ಹೇಳೋಕಾಗಲ್ಲ. ಭಾನುವಾರ ಮಧ್ಯಾಹ್ನ ಮಲಗದೇ ಮಗಳ ಜೊತೆ ಪಾರ್ಕಿಗೆ ಹೋಗಿ ಬಂದು ಅಡುಗೇನೂ ಮಾಡಿದ್ದೀನಿ ಅಂತ ರಾತ್ರಿ ಗೊತ್ತಾಯ್ತು, ಎಷ್ಟು ಖುಷಿ ಆಯ್ತು ಅಂದ್ರೆ ಅಮ್ಮಂಗೆ ಫೋನ್ ಮಾಡಿ ಹೇಳಿದೆ.

ಮೂಳೆ ಸವೆತ ಇದೆ ಅಂತ ಡೆಕ್ಸಾ ಸ್ಕ್ಯಾನ್‌ನಲ್ಲಿ ಬಂದಿತ್ತು, ಎರಡನೇ ಸ್ಕ್ಯಾನ್‌ನಲ್ಲಿ ಕೊಂಚ ಸುಧಾರಿಸಿದೆ, ಇನ್ನೂ ಬೇಕು.

ಪಥ್ಯ ಕಟ್ಟುನಿಟ್ಟಾಗಿ ಮಾಡಿ, ಹಿಂಗು ಗಿರಣಿ ಎಲ್ಲಾ ಶೋಧಿಸಿ, ಆರು ತಿಂಗಳು ವರ್ಷ ಆದ್ರೂ ಭೇದಿ ನಿಲ್ಲದಿದ್ರೆ, ತೂಕ ಇಳೀತಾನೇ ಇದ್ರೆ ನಿಧಾನ ಆಗುತ್ತೆ ಬಿಡಿ ಅಂತ ಕೂರಬೇಡಿ. ಕರುಳಲ್ಲಿ ಬ್ಯಾಕ್ಟೀರಿಯಾ ಜಾಸ್ತಿ ಆಗಿರೋದು, ಮೇದೋಜೀರಕ ಗ್ರಂಥಿ ಸರಿಯಾಗಿ ಕೆಲಸ ಮಾಡದಿರೋದು, ದೊಡ್ಡ ಕರುಳಿನ ಉರಿಯೂತ ಇವೆಲ್ಲ ಜೊತೇಲಿ ಇರಬಹುದು, ಬಹಳ ಅಪರೂಪಕ್ಕೆ ಪಥ್ಯಕ್ಕೆ ಬಗ್ಗದ ಸೀಲಿಯಾಕೂ ಇರುತ್ತೆ, ಅದನ್ನ ಗ್ಯಾಸ್ಟ್ರೋ ಡಾಕ್ಟ್ರೇ ನೋಡಬೇಕು.

ಅಪ್ಪ ಅಮ್ಮ, ಒಡಹುಟ್ಟಿದವರು, ಮಕ್ಕಳಿಗೂ ಟೆಸ್ಟ್ ಮಾಡಿಸಿ, ಹತ್ತಿರದ ರಕ್ತಸಂಬಂಧಿಗಳಲ್ಲಿ ಇದು ಬರೋ ಸಾಧ್ಯತೆ ಬೇರೆಯವರಿಗಿಂತ ತುಂಬಾ ಜಾಸ್ತಿ. ನಮ್ಮನೇಲಿ ತಂಗಿಗೆ ಪಾಸಿಟಿವ್ ಬಂತು, ಅವಳಿಗೆ ಹೊಟ್ಟೆ ತೊಂದರೆನೇ ಇರ್ಲಿಲ್ಲ, ಪದೇ ಪದೇ ಬಾಯಿಹುಣ್ಣು ಅಷ್ಟೇ. ಶಿವಮೊಗ್ಗದಲ್ಲೇ ಇದ್ದಾಳೆ, ಪಥ್ಯ ಶುರು ಮಾಡಿ ಸ್ವಲ್ಪ ದಿನ ಆಗಿದೆ, ಅಕ್ಕ ಏನೂ ವ್ಯತ್ಯಾಸ ಕಾಣ್ತಿಲ್ಲ ಅಂತ ಮೊನ್ನೆ ಫೋನ್ ಮಾಡಿದ್ಲು. ಹಿಂಗಿನ ಡಬ್ಬದ ಫೋಟೋ ತೆಗೆದು ಕಳಿಸು, ರಾಗಿ ಎಲ್ಲಿ ಬೀಸಿಸ್ತಿದೀಯ ಹೇಳು, ಮುಂದಿನ ಟಿಟಿಜಿ ಜೊತೆ ಫೆರಿಟಿನ್ನೂ ಬರೆಸ್ಕೊ ಅಂದೆ.